ತೈಪೆಯ ಬೆಳಗಿನ ತಿಂಡಿ: ವಲಸೆ ಬಂದವರು ಹೊತ್ತು ತಂದ ರುಚಿ

ತೈವಾನ್ ದ್ವೀಪದ ರಾಜಧಾನಿ ತೈಪೆಯಲ್ಲಿ ಹ್ವಾಷಾನ್ ಮಾರುಕಟ್ಟೆ ಎಂಬ ಸಾಧಾರಣ ಕಟ್ಟಡವೊಂದಿದೆ. ಬೆಳಕು ಹರಿಯುವ ಹೊತ್ತಿಗೆ ಅದರ ಮೆಟ್ಟಿಲುಗಳ ಮೇಲೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ರಜಾ ದಿನಗಳಲ್ಲಿ ಈ ಸಾಲು ಮೆಟ್ಟಿಲಿಳಿದು, ಬಾಗಿಲು ದಾಟಿ, ರಸ್ತೆಯ ಪಕ್ಕದವರೆಗೂ ಬೆಳೆಯುವುದುಂಟು. ಅವರೆಲ್ಲ ಕಾಯುತ್ತಿರುವುದು ಮಹಡಿಯ ಮೇಲಿನ ತಿಂಡಿ ಅಂಗಳದ ಒಂದು ಕೌಂಟರಿಗಾಗಿ. ಅದರ ಹೆಸರು ಫೂಹಾಂಗ್. 1958ರಲ್ಲಿ ಆರಂಭವಾದ ಈ ಅಂಗಡಿ ಮಾರುವುದು ಸೋಯಾ ಹಾಲು ಮತ್ತು ಅದರ ಜೊತೆಗೆ ನಂಚಿಕೊಳ್ಳುವ ಹಿಟ್ಟಿನ ತಿಂಡಿಗಳನ್ನು.

ಇಲ್ಲಿ ಆಡಂಬರವೇನೂ ಇಲ್ಲ. ಹಣ ಕೊಟ್ಟು, ಟ್ರೇ ಎತ್ತಿಕೊಂಡು, ಖಾಲಿ ಜಾಗ ಕಂಡಲ್ಲಿ ಅಪರಿಚಿತರ ಪಕ್ಕದಲ್ಲಿ ಕುಳಿತು ತಿನ್ನಬೇಕು. ಗಾಜಿನ ಆಚೆ ಕೆಲಸಗಾರರು ಹಿಟ್ಟು ನಾದುವುದು, ಲಟ್ಟಿಸುವುದು, ಎಳ್ಳು ಉದುರಿಸುವುದು ಸಾಲಿನಲ್ಲಿ ನಿಂತವರಿಗೆ ಕಾಣುತ್ತಿರುತ್ತದೆ. ನಮ್ಮ ತಂದೂರಿ ಒಲೆಯಂತೆಯೇ ಇರುವ ಒಲೆಯ ಒಳಗೋಡೆಗೆ ಅವರು ಹಿಟ್ಟಿನ ಪಟ್ಟಿಗಳನ್ನು ಬಡಿದು ಅಂಟಿಸುತ್ತಾರೆ. ಅವು ಉಬ್ಬಿ ಕೆಂಪಗಾದ ಮೇಲೆ ತೆಗೆದರೆ ‘ಷಾವ್‌ಬಿಂಗ್’ ಎಂಬ ಎಳ್ಳು ರೊಟ್ಟಿ ಸಿದ್ಧ. ಅದನ್ನು ಸೀಳಿ, ಎಣ್ಣೆಯಲ್ಲಿ ಕರಿದ ಮೊಳದುದ್ದದ ‘ಯೊತ್ಯಾವೊ’ ಎಂಬ ಗರಿಗರಿ ಕಡ್ಡಿಯನ್ನು ಮಡಚಿ ನಡುವೆ ಇಟ್ಟು ಕೊಡುತ್ತಾರೆ. ಹಿಟ್ಟಿನೊಳಗೆ ಹಿಟ್ಟು! ಹೊಸಬರಿಗೆ ವಿಚಿತ್ರವೆನಿಸಿದರೂ ಒಂದು ಮೃದು, ಇನ್ನೊಂದು ಗರಿಗರಿ ಆದ್ದರಿಂದ ಜೋಡಿ ಚೆನ್ನಾಗಿ ಹೊಂದುತ್ತದೆ.

ಜೊತೆಗೆ ಬಟ್ಟಲು ತುಂಬ ಸೋಯಾ ಹಾಲು. ಸಿಹಿಯಾದದ್ದು ಒಂದು ಬಗೆ, ಉಪ್ಪಿನದು ಇನ್ನೊಂದು. ಉಪ್ಪಿನ ಬಗೆಯಲ್ಲಿ ಬಟ್ಟಲ ತಳಕ್ಕೆ ವಿನೆಗರ್, ಒಣ ಸಿಗಡಿ, ತರಕಾರಿ ಉಪ್ಪಿನಕಾಯಿ, ಈರುಳ್ಳಿ ಸೊಪ್ಪು ಹಾಕಿ ಕುದಿಯುವ ಹಾಲನ್ನು ಸುರಿಯುತ್ತಾರೆ. ಹುಳಿ ತಾಗಿದ ಕೂಡಲೇ ಹಾಲು ಒಡೆದು ಮೆದುವಾದ ಗರಣೆಯಾಗುತ್ತದೆ. ಅದರ ಮೇಲೆ ಖಾರದೆಣ್ಣೆಯ ನಾಲ್ಕು ಹನಿ, ಯೊತ್ಯಾವೊ ತುಂಡುಗಳು. ಇದನ್ನು ಕುಡಿಯುವುದಿಲ್ಲ, ಚಮಚದಲ್ಲಿ ತಿನ್ನುತ್ತಾರೆ.

ಇದು ಚೀನಾದ ‘ಸಾಂಪ್ರದಾಯಿಕ’ ಉಪಾಹಾರ ಎಂದು ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಮಾತು ಸುಳ್ಳಲ್ಲ. ಆದರೆ ತೈವಾನಿನ ಹಳೆಯ ಮನೆತನಗಳಲ್ಲಿ ಮೂರು ತಲೆಮಾರು ಹಿಂದೆ ಬೆಳಗ್ಗೆ ಇದನ್ನು ತಿನ್ನುತ್ತಿರಲಿಲ್ಲ. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಈ ದ್ವೀಪ ಭತ್ತದ ನಾಡು. ಅನ್ನದ ಗಂಜಿ, ಉಪ್ಪಿನಲ್ಲಿ ಹಾಕಿದ ತರಕಾರಿ, ಇದ್ದರೆ ಒಣಮೀನು ಇಲ್ಲಿನ ಬೆಳಗಿನ ಊಟ. ಬೆಳೆದ ಅಕ್ಕಿಯಲ್ಲಿ ದೊಡ್ಡ ಪಾಲು ಜಪಾನಿಗೆ ಸಾಗುತ್ತಿದ್ದುದರಿಂದ ಬಡವರ ಗಂಜಿಯಲ್ಲಿ ಅಕ್ಕಿಗಿಂತ ಗೆಣಸಿನ ತುಂಡುಗಳೇ ಹೆಚ್ಚು. ಗೋಧಿ ಹಿಟ್ಟಿನ ರೊಟ್ಟಿ, ಸೋಯಾ ಹಾಲಿನ ಬಟ್ಟಲು ಅಕ್ಕಿಯ ನಾಡಿನ ಮುಂಜಾನೆಯನ್ನು ಗೆದ್ದದ್ದು ಹೇಗೆ? ಉತ್ತರಕ್ಕೆ ಒಂದು ಯುದ್ಧದ ಸೋಲನ್ನೂ ಒಂದು ಹಿಟ್ಟಿನ ಚೀಲವನ್ನೂ ನೋಡಬೇಕಾಗುತ್ತದೆ.

ಹಳೆಯ ಬೇರುಗಳು

ಮೊದಲು ತಿಂಡಿಗಳ ಪೂರ್ವಚರಿತ್ರೆ. ಗೋಧಿ ಚೀನಾದ ಮೂಲ ಬೆಳೆಯಲ್ಲ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅದು ಪಶ್ಚಿಮ ಏಷ್ಯಾದಿಂದ ಅಲ್ಲಿಗೆ ತಲುಪಿತು. ಎಳ್ಳು ರೊಟ್ಟಿಯ ಪೂರ್ವಜನಿಗೆ ಹಳೆಯ ಚೀನೀ ಗ್ರಂಥಗಳಲ್ಲಿ ‘ಹೂಬಿಂಗ್’ ಎಂಬ ಹೆಸರು. ‘ಹೂ’ ಎಂದರೆ ಉತ್ತರ ಮತ್ತು ಪಶ್ಚಿಮದ ಪರಕೀಯರು. ಎರಡನೇ ಶತಮಾನದಲ್ಲಿ ಆಳಿದ ಹಾನ್ ವಂಶದ ಲಿಂಗ್ ಚಕ್ರವರ್ತಿಗೆ ಈ ಪರದೇಶಿ ರೊಟ್ಟಿಯೆಂದರೆ ಬಲು ಇಷ್ಟವಿತ್ತೆಂದು ಹಳೆಯ ಬರಹಗಳು ತಿಳಿಸುತ್ತವೆ. ಒಲೆಯ ಗೋಡೆಗೆ ರೊಟ್ಟಿ ಅಂಟಿಸಿ ಸುಡುವ ಕ್ರಮವೂ ಪಂಜಾಬಿನಿಂದ ಮಧ್ಯ ಏಷ್ಯಾದವರೆಗೆ ಹಬ್ಬಿರುವಂಥದೇ. ಹೀಗೆ ಇಂದು ‘ಅಪ್ಪಟ ಚೀನೀ’ ಎನಿಸಿಕೊಂಡ ರೊಟ್ಟಿ ಒಂದು ಕಾಲಕ್ಕೆ ಅಲ್ಲಿ ವಿದೇಶಿ ತಿಂಡಿಯಾಗಿತ್ತು.

ಕರಿದ ಕಡ್ಡಿಯ ಬಗ್ಗೆ ಜನ ಹೇಳುವ ಕಥೆ ಬೇರೆಯೇ. ಸಾಂಗ್ ವಂಶದ ಸೇನಾನಿ ಯುವೆ ಫೇ ಉತ್ತರದಿಂದ ದಂಡೆತ್ತಿ ಬಂದವರ ವಿರುದ್ಧ ಹೋರಾಡಿದ ವೀರ. ಮಂತ್ರಿ ಚಿನ್ ಹ್ವೇ ಅವನ ಮೇಲೆ ಸುಳ್ಳು ಆಪಾದನೆ ಹೊರಿಸಿ 1142ರಲ್ಲಿ ಕೊಲ್ಲಿಸಿದ. ರೊಚ್ಚಿಗೆದ್ದ ಹಾಂಗ್‌ಚೌ ನಗರದ ತಿಂಡಿ ವ್ಯಾಪಾರಿಯೊಬ್ಬ ಹಿಟ್ಟಿನಲ್ಲಿ ಮಂತ್ರಿಯದೂ ಅವನ ಹೆಂಡತಿಯದೂ ಎರಡು ಗೊಂಬೆ ಮಾಡಿ, ಬೆನ್ನಿಗೆ ಬೆನ್ನು ಅಂಟಿಸಿ, ಕುದಿಯುವ ಎಣ್ಣೆಗೆ ಹಾಕಿದನಂತೆ. ಇಂದಿಗೂ ಯೊತ್ಯಾವೊ ಮಾಡುವಾಗ ಹಿಟ್ಟಿನ ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಒತ್ತಿಯೇ ಕರಿಯುತ್ತಾರೆ. ಕ್ಯಾಂಟನ್ ಸೀಮೆಯ ಭಾಷೆಯಲ್ಲಿ ಅದರ ಹೆಸರಿಗೆ ‘ಎಣ್ಣೆಯಲ್ಲಿ ಕರಿದ ದೆವ್ವ’ ಎಂಬ ಅರ್ಥವಿದೆ. ಹಾಂಗ್‌ಚೌನ ಯುವೆ ಫೇ ಗುಡಿಯಲ್ಲಿ ಆ ದಂಪತಿಗಳ ಲೋಹದ ಪ್ರತಿಮೆಗಳು ಮಂಡಿಯೂರಿ ಕುಳಿತಿವೆ. ಆದರೆ ಕರಿದ ಹಿಟ್ಟಿನ ತಿಂಡಿಗಳ ವಿವರ ಆರನೇ ಶತಮಾನದ ಕೃಷಿ ಗ್ರಂಥದಲ್ಲಿಯೇ ಸಿಗುತ್ತದೆ. ತಿಂಡಿ ಮೊದಲು ಬಂತು, ಸಿಟ್ಟು ಆಮೇಲೆ ಅದಕ್ಕೆ ಅಂಟಿಕೊಂಡಿತು ಎನ್ನುವುದೇ ಸರಿ.

ಸೋಯಾ ಹಾಲು ನೋಡಲು ಸರಳ, ಮಾಡಲು ಅಲ್ಲ. ಕಾಳನ್ನು ರಾತ್ರಿ ನೆನೆಹಾಕಿ, ನೀರು ಬೆರೆಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಬೇಕು. ಹಸಿ ಸೋಯಾದಲ್ಲಿ ಜೀರ್ಣಕ್ರಿಯೆಗೆ ಅಡ್ಡಿ ಮಾಡುವ ಅಂಶವಿದೆ. ಪೂರ್ತಿ ಕುದಿಯುವ ಮೊದಲೇ ನೊರೆ ಉಕ್ಕಿ ಬರುವುದರಿಂದ ಅನುಭವವಿಲ್ಲದವರು ಮೋಸಹೋಗಿ ಬೇಗ ಇಳಿಸಿಬಿಡುತ್ತಾರೆ, ಕುಡಿದವರಿಗೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಸೋಯಾ ಹಾಲಿನ ಅಂಗಡಿಯವನ ದಿನ ಆರಂಭವಾಗುವುದು ನಡುರಾತ್ರಿಯಲ್ಲಿ.

ಸೋತವರ ಹಡಗುಗಳು

ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರ ಎದುರು ಸೋತ ಚಿಯಾಂಗ್ ಕೈ-ಶೇಕ್ ಸರ್ಕಾರ 1949ರ ಡಿಸೆಂಬರಿನಲ್ಲಿ ತೈಪೆಗೆ ಸ್ಥಳಾಂತರಗೊಂಡಿತು. ಅದರ ಹಿಂದೆ ಮುಂದೆ ಸೈನಿಕರು, ಗುಮಾಸ್ತರು, ಶಿಕ್ಷಕರು, ವ್ಯಾಪಾರಿಗಳು ಎಲ್ಲ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಬಂದರು. ಆಗ ದ್ವೀಪದ ಜನಸಂಖ್ಯೆ ಅರವತ್ತು ಎಪ್ಪತ್ತು ಲಕ್ಷದಷ್ಟು. ಬಂದವರು ಉಳಿಯಲೆಂದು ಬಂದವರಲ್ಲ. ಒಂದೆರಡು ವರ್ಷದಲ್ಲಿ ಮುಖ್ಯಭೂಮಿಯನ್ನು ಗೆದ್ದು ಮರಳುತ್ತೇವೆಂದು ಸರ್ಕಾರ ಹೇಳುತ್ತಿತ್ತು, ಅವರೂ ನಂಬಿದ್ದರು. ಸೈನಿಕರ ಕುಟುಂಬಗಳಿಗಾಗಿ ದ್ವೀಪದ ಉದ್ದಕ್ಕೂ ಎಂಟುನೂರಕ್ಕೂ ಹೆಚ್ಚು ವಸತಿಗಳು ಎದ್ದವು. ತಾತ್ಕಾಲಿಕವೆಂದು ಕಟ್ಟಿದ ಆ ಮನೆಗಳಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆಯಿತು.

ಸೈನ್ಯದಿಂದ ಬಿಡುಗಡೆಯಾದವನಿಗೆ ಜಮೀನಿಲ್ಲ, ನೆಂಟರಿಲ್ಲ, ಊರಿನ ಭಾಷೆಯೂ ಬಾರದು. ಆದರೆ ತನ್ನ ಊರಿನ ತಿಂಡಿ ಮಾಡಲು ಬರುತ್ತಿತ್ತು. ಬೀಸುವ ಕಲ್ಲು, ಕೊಪ್ಪರಿಗೆ, ಹಿಟ್ಟಿನ ಮಣೆ, ಹಳೆಯ ಡ್ರಮ್ಮಿನಲ್ಲಿ ಕಟ್ಟಿದ ಒಲೆ ಇದ್ದರೆ ಬೀದಿ ಬದಿಯಲ್ಲಿ ಅಂಗಡಿ. ಶಾಂತುಂಗ್ ಮುಂತಾದ ಉತ್ತರದ ಪ್ರಾಂತಗಳವರು ಎಳ್ಳು ರೊಟ್ಟಿ ತಂದರು. ಉಪ್ಪಿನ ಸೋಯಾ ಹಾಲೂ, ಅಂಟು ಅನ್ನದ ನಡುವೆ ಯೊತ್ಯಾವೊ ಇಟ್ಟು ಸುತ್ತುವ ‘ಫಾನ್‌ತ್ವಾನ್’ ಎಂಬ ಉಂಡೆಯೂ ಶಾಂಘೈ ಸುತ್ತಲಿನ ಸೀಮೆಯವು. ಚೀನಾದಲ್ಲಿ ನೂರಾರು ಮೈಲಿಗಳ ಅಂತರದಲ್ಲಿದ್ದ ತಿಂಡಿಗಳು ತೈಪೆಯಲ್ಲಿ ಒಂದೇ ಕೌಂಟರಿಗೆ ಬಂದವು. ಹಾಗೆ ಒಟ್ಟುಗೂಡಿಸಿದ್ದು ಯಾವ ಪಾಕಶಾಸ್ತ್ರಜ್ಞನೂ ಅಲ್ಲ, ಊರು ಬಿಟ್ಟು ಬಂದ ಜನರ ಹೊಟ್ಟೆಪಾಡು.

ಚೀಲದ ಮೇಲೆ ಎರಡು ಕೈಗಳು

ತಿಂಡಿ ಗೊತ್ತಿದ್ದರೆ ಸಾಲದು, ಹಿಟ್ಟು ಬೇಕು. ತೈವಾನಿನಲ್ಲಿ ಗೋಧಿ ಬೆಳೆಯುತ್ತಿದ್ದುದು ಅತ್ಯಲ್ಪ. ಆ ಕೊರತೆಯನ್ನು ತುಂಬಿದ್ದು ಅಮೆರಿಕ. 1951ರಿಂದ 1965ರವರೆಗೆ ಹರಿದು ಬಂದ ಅಮೆರಿಕದ ನೆರವಿನಲ್ಲಿ ಗೋಧಿಯೂ ಸೋಯಾ ಕಾಳೂ ಸೇರಿದ್ದವು. ತನ್ನಲ್ಲಿ ಹೆಚ್ಚಾಗಿ ಬೆಳೆದ ಧಾನ್ಯವನ್ನು ಮಿತ್ರರಾಷ್ಟ್ರಗಳಿಗೆ ಕೊಡಲು ಅಮೆರಿಕ 1954ರಲ್ಲಿ ‘ಪಿ.ಎಲ್. 480’ ಕಾನೂನನ್ನೇ ಮಾಡಿತ್ತು. ತೈವಾನ್ ಸರ್ಕಾರಕ್ಕೂ ಇದರಲ್ಲಿ ಲಾಭ ಕಂಡಿತು. ಜನ ಗೋಧಿ ತಿಂದರೆ ಅಕ್ಕಿ ಉಳಿಯುತ್ತದೆ, ಉಳಿದ ಅಕ್ಕಿಯನ್ನು ಹೊರದೇಶಕ್ಕೆ ಮಾರಿ ವಿದೇಶಿ ವಿನಿಮಯ ಗಳಿಸಬಹುದು. ಆದ್ದರಿಂದ ಹಿಟ್ಟಿನ ತಿಂಡಿಗಳಿಗೆ ಸರ್ಕಾರವೇ ಪ್ರೋತ್ಸಾಹ ಕೊಟ್ಟಿತು.

ನೆರವಿನ ಹಿಟ್ಟಿನ ಚೀಲಗಳ ಮೇಲೆ ಪರಸ್ಪರ ಹಿಡಿದ ಎರಡು ಕೈಗಳ ಚಿತ್ರವೂ ‘ಚೀನಾ-ಅಮೆರಿಕ ಸಹಕಾರ’ ಎಂಬ ಬರಹವೂ ಇರುತ್ತಿದ್ದವು. ಬಡ ತಾಯಂದಿರು ಆ ಗಟ್ಟಿ ಬಟ್ಟೆಯಿಂದ ಮಕ್ಕಳಿಗೆ ಚಡ್ಡಿ ಹೊಲಿದರು. ಹಿಡಿದ ಕೈಗಳೂ ‘ನಿವ್ವಳ ತೂಕ’ವೂ ಮಕ್ಕಳ ಹಿಂಬದಿಯಲ್ಲಿ ರಾರಾಜಿಸಿದ ಆ ಚಡ್ಡಿಗಳನ್ನು ನೆನೆದು ತೈವಾನಿನ ಹಿರಿಯರು ಈಗಲೂ ನಗುತ್ತಾರೆ. ಮೊಟ್ಟೆ ಸೇರಿಸಿ ಕಾವಲಿಯ ಮೇಲೆ ಸುಡುವ, ನಮ್ಮ ತೆಳು ದೋಸೆಯನ್ನು ನೆನಪಿಸುವ ‘ದಾನ್‌ಬಿಂಗ್’ ತೈವಾನಿನ ಮನೆಮಾತಾದದ್ದೂ ಈ ಹಿಟ್ಟು ಹೇರಳವಾದ ಮೇಲೆಯೇ.

ಈ ಕಾನೂನಿನ ಗೋಧಿ ಕನ್ನಡಿಗರಿಗೆ ಅಪರಿಚಿತವಲ್ಲ. ಭಾರತ 1956ರಲ್ಲಿ ಇದೇ ಪಿ.ಎಲ್. 480ರ ಅಡಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಅರವತ್ತರ ದಶಕದ ಬರಗಾಲದಲ್ಲಿ ಅಮೆರಿಕದ ಗೋಧಿ ಪಡಿತರ ಅಂಗಡಿಗಳಿಗೆ ಬಂತು. ರಾಗಿ, ಜೋಳ, ಅಕ್ಕಿ ಉಣ್ಣುತ್ತಿದ್ದ ನಾಡಿನಲ್ಲಿ, ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟನ್ನು ಶಾಲೆಯಲ್ಲಿ ತಿಂದ ತಲೆಮಾರು ಇನ್ನೂ ಇದೆ. ಇಲ್ಲಿ ಅದು ಬರಗಾಲದ ನೆನಪಾಗಿ ಉಳಿಯಿತು. ತೈವಾನಿನಲ್ಲಿ ಆ ಗೋಧಿಗೆ ಕಾದು ಕುಳಿತ ಕೈಗಳಿದ್ದವು, ಹೀಗಾಗಿ ಅದು ಊರಿನ ರುಚಿಯೇ ಆಗಿಬಿಟ್ಟಿತು.

ರಾತ್ರಿ ಜಾಗರಣೆ

ತೈಪೆಯಿಂದ ನದಿ ದಾಟಿದರೆ ಯುಂಗ್‌ಹೆ ಎಂಬ ಬಡಾವಣೆ. ಮುಖ್ಯಭೂಮಿಯಿಂದ ಬಂದವರು ಅಲ್ಲಿ ಹೆಚ್ಚಾಗಿ ನೆಲೆಸಿದ್ದರು. 1955ರಲ್ಲಿ ಅಲ್ಲಿನ ಸೇತುವೆಯ ಬಳಿ ಆರಂಭವಾದ ಸೋಯಾ ಹಾಲಿನ ಅಂಗಡಿಯೊಂದು ಮುಂದೆ ‘ಜಗತ್ತಿನ ಸೋಯಾ ಹಾಲಿನ ದೊರೆ’ ಎಂಬ ಭಾರಿ ಹೆಸರು ಇಟ್ಟುಕೊಂಡಿತು. ಅದನ್ನು ಕಂಡು ದ್ವೀಪದ ತುಂಬ ‘ಯುಂಗ್‌ಹೆ ಸೋಯಾ ಹಾಲು’ ಎಂಬ ಫಲಕಗಳು ಎದ್ದವು. ನಮ್ಮಲ್ಲಿ ಊರೂರಿಗೂ ‘ಉಡುಪಿ ಹೋಟೆಲ್’ ಇರುವಂತೆ, ಆ ಹೆಸರು ಒಬ್ಬರ ಸ್ವತ್ತಾಗಿರಲಿಲ್ಲ.

ಅಂಗಡಿಗಳು ರಾತ್ರಿಯಿಡೀ ತೆರೆದಿರುವಂತಾದದ್ದಕ್ಕೆ ಬೇಸ್‌ಬಾಲ್ ಆಟವೂ ಕಾರಣವೆಂದು ಹೇಳುತ್ತಾರೆ. 1969ರಲ್ಲಿ ತೈವಾನಿನ ಬಾಲಕರ ತಂಡ ಅಮೆರಿಕದ ವಿಲಿಯಮ್ಸ್‌ಪೋರ್ಟಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದಿತು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ನಡುರಾತ್ರಿ. ನಂತರದ ವರ್ಷಗಳಲ್ಲಿ ಆಟದ ನೇರ ಪ್ರಸಾರಕ್ಕಾಗಿ ಊರಿಗೆ ಊರೇ ಎಚ್ಚರವಿದ್ದು, ಗೆದ್ದ ಸಂಭ್ರಮದಲ್ಲಿ ನಸುಕಿಗೇ ಸೋಯಾ ಹಾಲಿನ ಅಂಗಡಿಗೆ ಹೋಗುವುದು ರೂಢಿಯಾಯಿತು.

ಇದು ಸಣ್ಣ ಸಂಗತಿಯಲ್ಲ. ದ್ವೀಪದ ಮೂಲ ನಿವಾಸಿಗಳಿಗೂ ಹೊಸದಾಗಿ ಬಂದವರಿಗೂ ನಡುವೆ ಆಳವಾದ ಬಿರುಕಿತ್ತು. 1947ರ ಫೆಬ್ರುವರಿ 28ರಂದು ಆರಂಭವಾದ ಜನರ ದಂಗೆಯನ್ನು ಚಿಯಾಂಗ್ ಪಡೆ ಸಾವಿರಾರು ಜನರನ್ನು ಕೊಂದು ಅಡಗಿಸಿತ್ತು. ಅದರ ಬಗ್ಗೆ ಬಾಯಿಬಿಡಲು ಹೆದರುವಂಥ ಸೇನಾ ಶಾಸನ 1949ರಿಂದ 1987ರವರೆಗೆ ಜಾರಿಯಲ್ಲಿತ್ತು. ಒಂದು ಬಟ್ಟಲು ಸೋಯಾ ಹಾಲು ಆ ಗಾಯವನ್ನು ಮಾಯಿಸಿತೆಂದರೆ ಅದು ಅತಿಮಾತು. ಆದರೂ ಆಳುವವರ ಭಾಷೆಯನ್ನು ಶಾಲೆಯಲ್ಲಿ ಒತ್ತಾಯದಿಂದ ಕಲಿತ ಮಕ್ಕಳು ಅವರ ಜೊತೆ ಬಂದ ಬಡವರ ತಿಂಡಿಯನ್ನು ಒತ್ತಾಯವಿಲ್ಲದೆ ಒಪ್ಪಿಕೊಂಡರು ಎಂಬುದು ನಿಜ.

ಮರಳಿ ಹೋದದ್ದು

1987ರ ನವೆಂಬರಿನಲ್ಲಿ ಮುಖ್ಯಭೂಮಿಯ ಬಂಧುಗಳನ್ನು ನೋಡಲು ಸರ್ಕಾರ ಅನುಮತಿ ಕೊಟ್ಟಿತು. ಯೌವನದಲ್ಲಿ ಹಡಗು ಹತ್ತಿದವರು ಸುಮಾರು ನಾಲ್ಕು ದಶಕಗಳ ನಂತರ ಮುದುಕರಾಗಿ ಊರಿಗೆ ಹೋದರು. ಅನೇಕರ ತಂದೆತಾಯಿ ಆಗಲೇ ತೀರಿಕೊಂಡಿದ್ದರು. ಅಲ್ಲಿ ಐವತ್ತರ ದಶಕದಲ್ಲಿ ಖಾಸಗಿ ಅಂಗಡಿಗಳು ಸರ್ಕಾರದ ವಶವಾಗಿದ್ದವು. ಧಾನ್ಯದ ಪಡಿತರ ಚೀಟಿಯ ಪದ್ಧತಿ 1993ರವರೆಗೂ ಮುಂದುವರಿಯಿತು.

1995ರಲ್ಲಿ ತೈವಾನಿನ ಉದ್ಯಮಿಗಳು ಶಾಂಘೈನಲ್ಲಿ ‘ಯುಂಗ್‌ಹೆ’ ಹೆಸರಿನ ಸೋಯಾ ಹಾಲಿನ ಹೋಟೆಲನ್ನು ತೆರೆದರು. ಅದು ಹಲವು ನಗರಗಳಿಗೆ ಹಬ್ಬಿತು. 2004ರಲ್ಲಿ ಫಿಲಿಪೀನ್ಸಿನ ಜಾಲಿಬೀ ಕಂಪನಿ ಅದನ್ನು ಕೊಂಡುಕೊಂಡಿತು. ಚೀನಾದಿಂದ ಓಡಿಬಂದ ನಿರಾಶ್ರಿತರ ತಿಂಡಿ, ತೈವಾನಿನ ಒಂದು ಬಡಾವಣೆಯ ಹೆಸರು ಹೊತ್ತು, ಚೀನಾಕ್ಕೇ ಮರಳಿತು! ಸೇನೆಗೆ ಆಗದಿದ್ದ ಮರಳುವಿಕೆ ಸೋಯಾ ಹಾಲಿಗೆ ಸಾಧ್ಯವಾಯಿತು.

2018ರಲ್ಲಿ ತೈಪೆಯ ಬಗ್ಗೆ ಮೊದಲ ಬಾರಿಗೆ ಹೊರಬಂದ ಮಿಶೆಲಿನ್ ಮಾರ್ಗದರ್ಶಿ ಅಗ್ಗದ ಬೆಲೆಗೆ ಒಳ್ಳೆಯ ಊಟ ಕೊಡುವ ಅಂಗಡಿಗಳ ಪಟ್ಟಿಯಲ್ಲಿ ಫೂಹಾಂಗ್ ಅನ್ನು ಸೇರಿಸಿತು. ಸಾಲು ಇನ್ನಷ್ಟು ಬೆಳೆಯಿತು. ಎಂಬತ್ತರ ದಶಕದಿಂದ ಬೀದಿ ಬೀದಿಗೆ ಬಂದ ಹ್ಯಾಂಬರ್ಗರ್ ಮತ್ತು ಸ್ಯಾಂಡ್‌ವಿಚ್ ಅಂಗಡಿಗಳ ಪೈಪೋಟಿಯೂ ಇದೆ. ನಡುರಾತ್ರಿಗೆ ಎದ್ದು ಕಾಳು ರುಬ್ಬುವ ಕೆಲಸ ಎಲ್ಲರಿಗೂ ಬೇಕಾದದ್ದಲ್ಲ.

ಆಹಾರದ ವಿಷಯದಲ್ಲಿ ‘ಸಂಪ್ರದಾಯ’ ಎಂದಾಗ ನೆಲಕ್ಕೆ ಬೇರೂರಿದ ಹಳೆಯ ಮರವನ್ನು ಕಲ್ಪಿಸಿಕೊಳ್ಳುವುದು ರೂಢಿ. ಹ್ವಾಷಾನ್ ಮಾರುಕಟ್ಟೆಯ ಟ್ರೇ ಬೇರೆ ಚಿತ್ರ ಕೊಡುತ್ತದೆ. ರೊಟ್ಟಿ ಪಶ್ಚಿಮದ ಮರುಭೂಮಿ ದಾಟಿ ಬಂದದ್ದು, ಅದರ ಹಿಟ್ಟು ಅಮೆರಿಕದ ಹೊಲದ್ದು, ಮಾಡಿದ ಕೈ ಸೋತ ಸೈನಿಕನದು, ತಿಂದು ಉಳಿಸಿದ್ದು ಮೊದಲು ಅವನನ್ನು ಅನುಮಾನದಿಂದ ನೋಡಿದ ಊರು. ಇಂದು ತೈವಾನ್ ಬಿಟ್ಟು ದೂರ ಹೋದವರು ಊರನ್ನು ನೆನೆದಾಗ ಮೊದಲು ಹಂಬಲಿಸುವ ತಿಂಡಿಗಳಲ್ಲಿ ಇದೂ ಒಂದು. ಊರಿನ ನೆನಪಿಗಾಗಿ ಒಬ್ಬರು ಮಾಡಿದ ತಿಂಡಿ ಎಪ್ಪತ್ತು ವರ್ಷಗಳಲ್ಲಿ ಇನ್ನೊಬ್ಬರ ಊರಿನ ನೆನಪಾಗಿದೆ.