ಗ್ರಾಮಾಫೋನ್ ತಟ್ಟೆಯ ಕಥೆ: ಮೈಸೂರು, ಬರೋಡ, ಸ್ಯಾಟಲೈಟ್

ಅಹಮದಾಬಾದಿನ ಪಶ್ಚಿಮ ಭಾಗದಲ್ಲಿ ‘ಸ್ಯಾಟಲೈಟ್’ ಎಂಬ ಬಡಾವಣೆಯಿದೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಈ ಹೆಸರು ವಿಚಿತ್ರವೆನಿಸುವುದುಂಟು. ಸಮೀಪದಲ್ಲೇ ಜೋಧಪುರ ಟೇಕರಾದಲ್ಲಿ ಇಸ್ರೋದ ಬಾಹ್ಯಾಕಾಶ ಉಪಯೋಗ ಕೇಂದ್ರವಿದೆಯೆಂದು ತಿಳಿದ ಮೇಲೆ ಸಂದೇಹ ಪರಿಹಾರವಾಗುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನವನ್ನು ಒಯ್ದ ‘ಸೈಟ್’ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದ ಪಾತ್ರ ದೊಡ್ಡದು. ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಕನ್ನಡದ ಮಾತನ್ನು ಆಕಾಶಮಾರ್ಗವಾಗಿ ಕೇಳಿದ್ದು ಆಗಲೇ.

ಇದಾದ ಎರಡೇ ವರ್ಷಕ್ಕೆ ಕನ್ನಡ ಇನ್ನೂ ದೂರ ಹೋಯಿತು. 1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಗ್ರಾಮಾಫೋನ್ ತಟ್ಟೆಯನ್ನು ಇರಿಸಲಾಗಿದೆ. ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. 55 ಭಾಷೆಗಳ ಶುಭಾಶಯಗಳು ಅದರಲ್ಲಿವೆ. ಕನ್ನಡವೂ ಉಂಟು, ಗುಜರಾತಿಯೂ ಉಂಟು. ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ತಟ್ಟೆ ನಿಮಿಷಕ್ಕೆ 16⅔ ಸುತ್ತು, ಅಂದರೆ 3.6 ಸೆಕೆಂಡಿಗೆ ಒಂದು ಸುತ್ತು ತಿರುಗಬೇಕು. ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಅದನ್ನು ಸಿದ್ಧಪಡಿಸಿದವರು ಬರಿಯ ತಟ್ಟೆಯನ್ನು ಕಳುಹಿಸಲಿಲ್ಲ; ಜೊತೆಗೆ ಕಾರ್ಟ್ರಿಜ್ಜನ್ನೂ ಮುಳ್ಳನ್ನೂ ಇಟ್ಟರು. ಮುಳ್ಳನ್ನು ಎಲ್ಲಿ ಇಡಬೇಕು, ಎಷ್ಟು ವೇಗದಲ್ಲಿ ತಿರುಗಿಸಬೇಕು ಎಂಬುದನ್ನು ಹೊದಿಕೆಯ ಮೇಲೆ ಚಿತ್ರದಲ್ಲಿ ಕೊರೆದರು. ನುಡಿಸುವ ಕ್ರಮ ತಿಳಿಯದವನಿಗೆ ತಟ್ಟೆಯೆಂದರೆ ಒಂದು ಲೋಹದ ಬಿಲ್ಲೆಯಷ್ಟೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಹಲವು ಮನೆಗಳ ಅಟ್ಟದ ಮೇಲಿರುವ ಕಪ್ಪು ತಟ್ಟೆಗಳಿಗೂ ಈ ಮಾತು ಸಲ್ಲುತ್ತದೆ.

ಭಾರತದಲ್ಲಿ ಈ ತಟ್ಟೆಗಳ ಇತಿಹಾಸ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತೆನ್ನಬಹುದು. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡರು. ದೇಶಕ್ಕೆಲ್ಲ ಹೆಸರಾದ ಆ ಗಾಯಕಿ ಕೊನೆಗಾಲದಲ್ಲಿ ಬಂದು ಸೇರಿದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ನೇಮಿಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಬರೋಡೆಗೂ ಮೈಸೂರಿಗೂ ಇದ್ದ ಸಂಗೀತದ ನಂಟು ಇನ್ನೂ ಹತ್ತಿರದ್ದು. ಬರೋಡೆಯ ಆಸ್ಥಾನ ಗಾಯಕರಾಗಿದ್ದ ಉಸ್ತಾದ್ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’ ಎಂಬ ಬಿರುದನ್ನಿತ್ತದ್ದು ಮೈಸೂರು ಅರಮನೆ. ಖಾನ್ ಸಾಹೇಬರು 1950ರಲ್ಲಿ ಬರೋಡೆಯಲ್ಲಿ ನಿಧನರಾದರು. ಅವರ ಗಂಭೀರವಾದ ಆಲಾಪದ ತುಣುಕುಗಳು ಮೂರು ಮೂರೂವರೆ ನಿಮಿಷಗಳ ತಟ್ಟೆಗಳಲ್ಲಿ ಇಂದಿಗೂ ಇವೆ.

ಇಂಥ ತಟ್ಟೆಗಳು ನಮ್ಮ ನಾಡಿನಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಜೋಟಿಯ ಠುಮರಿಯನ್ನು ಕೇಳಿದ ಹುಡುಗನೊಬ್ಬ, ತಾನೂ ಹಾಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಆ ಹುಡುಗನೇ ಭೀಮಸೇನ ಜೋಶಿ. ಇನ್ನೊಂದು ತುದಿಯಲ್ಲಿ ಮೈಸೂರಿನ ದೊರೆ ಜಯಚಾಮರಾಜ ಒಡೆಯರಿದ್ದರು. ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದ ಅವರು, ಲಂಡನ್ನಿನಲ್ಲಿ ಮರೆಗೆ ಸರಿಯುತ್ತಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲು ಧನಸಹಾಯವಿತ್ತರು. ಮೆಟ್ನರರು ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿ 1951ರಲ್ಲಿ ಕಣ್ಮುಚ್ಚಿದರು. ತಟ್ಟೆಯಿಂದ ಕೇಳಿದ ಸಂಗೀತ ಒಬ್ಬನನ್ನು ಗಾಯಕನನ್ನಾಗಿ ಮಾಡಿತು, ಇನ್ನೊಬ್ಬರನ್ನು ಪೋಷಕರನ್ನಾಗಿ ಮಾಡಿತು.

ಯಂತ್ರಗಳ ಕಥೆಯೂ ಹೀಗೆಯೇ ಬೆಳೆಯಿತು. ಮೊದಲು ಕೀಲಿ ಕೊಟ್ಟು ತಿರುಗಿಸುವ, ಕಹಳೆಯುಳ್ಳ ಪೆಟ್ಟಿಗೆ. ಆಮೇಲೆ ವಿದ್ಯುತ್ ಮೋಟಾರು. 1948ರಲ್ಲಿ 33⅓ ಸುತ್ತಿನ ಎಲ್‌ಪಿ ಬಂದಿತು, ಮರುವರ್ಷ 45 ಸುತ್ತಿನ ಪುಟ್ಟ ತಟ್ಟೆ. ಐವತ್ತರ ದಶಕದ ಗ್ಯಾರಾರ್ಡ್ 301ರಲ್ಲಿ ರಬ್ಬರ್ ಗಾಲಿಯೊಂದು ಮೋಟಾರಿನ ಸುತ್ತನ್ನು ತಿರುಗುಮಣೆಗೆ ದಾಟಿಸುತ್ತಿತ್ತು. ಬೇರೆ ಕೆಲವು ಯಂತ್ರಗಳಲ್ಲಿ ಆ ಕೆಲಸ ಬೆಲ್ಟಿನದಾಯಿತು. 1972ರ ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಮೋಟಾರೇ ಮಣೆಯ ಅಚ್ಚಾಯಿತು. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಎಚ್‌ಎಂವಿಯ ‘ಫಿಯೆಸ್ಟಾ’ದಂತಹ ಕೈಪೆಟ್ಟಿಗೆಗಳು. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಕನ್ನಡ ಭಾವಗೀತೆ ಹೊಸ ವಾಹನವನ್ನೇರಿತು. ಕ್ಯಾಸೆಟ್ಟಿನ ಹಿಂದೆ ಸಿ.ಡಿ. ಬಂದಿತು, ತಟ್ಟೆಗಳು ಅಟ್ಟವನ್ನೇರಿದವು, ಯಂತ್ರಗಳು ಗುಜರಿಗೆ ಹೋದವು. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಭಾನುವಾರದ ಹಳೆ ಸಾಮಾನಿನ ಸಂತೆಗೂ ‘ಗುಜರಿ’ ಎಂದೇ ಹೆಸರು. ಈ ಪದವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಕೇಳುವ ಹವ್ಯಾಸ ಮರಳಿ ಬಂದಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಅರೆಬರೆ ತಿಳಿವಳಿಕೆಯಿಂದ ತಟ್ಟೆ ಹಾಳಾಗುವ ಅಪಾಯವೂ ಅದರೊಡನೆ ಬಂದಿದೆ. ಕೆಲವು ಮೂಲ ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲನೆಯದು ವೇಗ. ಗುಜರಾತಿನ ಅನೇಕ ಮನೆಗಳಿಗೆ ಅಮೆರಿಕದ ಬಂಧುಗಳಿಂದ ಬಂದ ಯಂತ್ರಗಳಿವೆ. ಅಲ್ಲಿಯ ವಿದ್ಯುತ್ತು 60 ಆವರ್ತನದ್ದು, ನಮ್ಮದು 50. ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಇದನ್ನು ಸರಿಪಡಿಸುವುದಿಲ್ಲ. ಆವರ್ತನವನ್ನು ಅನುಸರಿಸಿ ತಿರುಗುವ ಮೋಟಾರಿದ್ದರೆ 33⅓ ಸುತ್ತಿನ ಮಣೆ ಇಲ್ಲಿ 27.8 ಸುತ್ತಷ್ಟೇ ತಿರುಗುತ್ತದೆ. ಆಗ ಶ್ರುತಿ ಕುಸಿಯುವುದು ಷಡ್ಜಕ್ಕೂ ಕೋಮಲ ಗಾಂಧಾರಕ್ಕೂ ಇರುವಷ್ಟು ಅಂತರ! ಮೋಟಾರಿನ ತುದಿಯ ರಾಟೆಯನ್ನು ಒಂದೂ ಕಾಲಂಶಕ್ಕೆ ತುಸು ಕಡಿಮೆ, ಅಂದರೆ 1.2 ಪಟ್ಟು ದಪ್ಪನೆಯದಕ್ಕೆ ಬದಲಿಸಬೇಕು. ವೇಗವನ್ನು ಪರೀಕ್ಷಿಸಲು 180 ಗೆರೆಗಳ ಕಾಗದದ ಚಕ್ರ ಸಾಕು. ನಮ್ಮ ವಿದ್ಯುತ್ತಿನಲ್ಲಿ ಉರಿಯುವ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ, ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ತೋರುತ್ತವೆ. 78ಕ್ಕೆ 77 ಗೆರೆಗಳು ಬೇಕು.

ಆದರೆ 78ರ ತಟ್ಟೆಗಳಲ್ಲಿ ಈ ಲೆಕ್ಕವೂ ಪೂರ್ತಿ ಸಾಲದು. ಆರಂಭ ಕಾಲದ ಮುದ್ರಿಕೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ಆದವಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚು ಕಡಿಮೆ ಅರ್ಧ ಸ್ವರ ಏರುತ್ತದೆ. ಕಿವಿಯನ್ನೇ ನಂಬೋಣವೆಂದರೆ ಅಲ್ಲಿಯೂ ತೊಡಕಿದೆ. ಗಂಗೂಬಾಯಿ ಹಾನಗಲ್ಲರ ಮೂವತ್ತರ ದಶಕದ ಮುದ್ರಿಕೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿರುವುದು ತೆಳುವಾದ ಎತ್ತರದ ದನಿ. ನಾವೆಲ್ಲ ಬಲ್ಲ ಗಡುಸಾದ ಕಂಠ ಗಂಟಲಿನ ಚಿಕಿತ್ಸೆಯ ನಂತರದ್ದು. ಅದನ್ನರಿಯದೆ ತಟ್ಟೆ ವೇಗವಾಗಿ ತಿರುಗುತ್ತಿದೆಯೆಂದು ಬಗೆದು ವೇಗವನ್ನು ಇಳಿಸಿದರೆ, ಹುಬ್ಬಳ್ಳಿಯ ಆ ಎಳೆಯ ಗಾಯಕಿಯನ್ನು ನಾವೇ ಅಳಿಸಿಹಾಕಿದಂತಾಗುತ್ತದೆ. ಇತಿಹಾಸದ ತಿಳಿವಳಿಕೆ ಇಲ್ಲಿ ಸ್ಕ್ರೂಡ್ರೈವರಿನಷ್ಟೇ ಅವಶ್ಯವಾದ ಉಪಕರಣ.

ಎರಡನೆಯದು ಮುಳ್ಳು. 78ರ ಗೀರು ಅಗಲವಾದದ್ದು. ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಎಲ್‌ಪಿಗೆ 25 ಮೈಕ್ರಾನ್ ಅಥವಾ ಇನ್ನೂ ಸಣ್ಣದು. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೀರಿನ ತಳದಲ್ಲಿ ಓಲಾಡುತ್ತ ಬರಿಯ ಗರಗರ ಸದ್ದನ್ನು ಎತ್ತಿಕೊಳ್ಳುತ್ತದೆ. ಕಹಳೆ ಪೆಟ್ಟಿಗೆಯ ಉಕ್ಕಿನ ಮುಳ್ಳನ್ನು ಎಲ್‌ಪಿ ಮೇಲಿಟ್ಟರಂತೂ ತಟ್ಟೆಯ ಆಸೆಯನ್ನೇ ಬಿಡಬೇಕು. ಹಿಂದಿನವರು ಉಕ್ಕಿನ ಮುಳ್ಳನ್ನು ಪ್ರತಿ ಪಕ್ಕಕ್ಕೂ ಬದಲಿಸುತ್ತಿದ್ದುದು ಶೋಕಿಗಾಗಿ ಅಲ್ಲ, ಸವೆದ ಮುಳ್ಳು ಉಳಿಯಂತೆ ಗೀರನ್ನು ಕೆತ್ತುತ್ತದೆಂದು. ಕಾಂತೀಯ ಕಾರ್ಟ್ರಿಜ್ಜಿನಲ್ಲಿ ಎಲ್‌ಪಿ ಮೇಲಿನ ಭಾರ ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ. ಭಾರ ತೀರ ಕಡಿಮೆಯಾದರೂ ಮುಳ್ಳು ಕುಣಿದು ಗೀರನ್ನು ಕೆಡಿಸುತ್ತದೆ. ಮಣೆ ಸಮತಲದಲ್ಲಿದೆಯೇ ಎಂದು ಗಾರೆ ಕೆಲಸದವರ ರಸಮಟ್ಟವಿಟ್ಟು ನೋಡಿದರಾಯಿತು.

ಮೂರನೆಯದು ಪಾಲನೆ. ಹಳೆಯ 78ರ ತಟ್ಟೆಗಳು ಅರಗಿನವು. ನಮ್ಮ ದೇಶದ ಕಾಡುಗಳಲ್ಲಿ ಕೀಟಗಳು ಸುರಿಸಿದ ಅರಗೇ ಜಗತ್ತಿನ ತಟ್ಟೆಗಳಿಗೆಲ್ಲ ಮುಖ್ಯ ಆಧಾರವಾಗಿತ್ತು. ಮರದ ಸಾಮಾನಿಗೆ ಪಾಲಿಶ್ ಹಾಕುವವರು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿ. ಆದ್ದರಿಂದ ಇಂಥ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಕೊಳೆಯೊಂದಿಗೆ ಹಾಡೂ ಹೋಗುತ್ತದೆ. ಗುಜರಾತಿನ ಬೇಸಿಗೆ 40 ಡಿಗ್ರಿ ದಾಟುವಂಥದು. ಮುಚ್ಚಿದ ಕಾರಿನಲ್ಲಾಗಲಿ ಬಿಸಿಲು ಬೀಳುವ ಗೋಡೆಯ ಕಪಾಟಿನಲ್ಲಾಗಲಿ ಎಲ್‌ಪಿಗಳನ್ನಿಟ್ಟರೆ ಹಪ್ಪಳದಂತೆ ಡೊಂಕಾಗುತ್ತವೆ. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಯಂತ್ರದ ರಬ್ಬರ್ ಗಾಲಿ, ಬೆಲ್ಟುಗಳೂ ಇಲ್ಲಿಯ ಶಾಖಕ್ಕೆ ಬೇಗ ಗಟ್ಟಿಯಾಗಿ ಬಿರಿಯುತ್ತವೆ. ತಿರುಗಣೆ ಮಾಡುವವರಲ್ಲಿ ಅಳತೆ ಕೊಟ್ಟು ರಾಟೆಯನ್ನೂ, ರಬ್ಬರ್ ಕೆಲಸದವರಲ್ಲಿ ಗಾಲಿಯನ್ನೂ ಮಾಡಿಸಿಕೊಳ್ಳಲು ಸಾಧ್ಯವಿದೆ.

ಇಷ್ಟೆಲ್ಲ ಶ್ರಮ ಏತಕ್ಕೆ, ಬೇಕಾದ ಹಾಡು ಫೋನಿನಲ್ಲೇ ಸಿಗುವುದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜನಪ್ರಿಯವಾದದ್ದು ಅಲ್ಲಿ ಸಿಗುತ್ತದೆ, ನಿಜ. ಆದರೆ ನಾಟಕ ಕಂಪನಿಗಳ ಕಾಲದ ರಂಗಗೀತೆ, ಹರಿಕಥೆಯ ತುಣುಕು, ಒಂದೆರಡೇ ಮುದ್ರಿಕೆ ಕೊಟ್ಟು ಮರೆಯಾದ ಗಾಯಕಿಯ ಜಾವಳಿ, ಇವು ಮರುಮುದ್ರಣದ ಭಾಗ್ಯ ಕಂಡದ್ದು ಅಪರೂಪ. ಅಂಥದೊಂದು ತಟ್ಟೆ ಹೊಟ್ಟೆಪಾಡಿಗಾಗಿ ಊರು ಬಿಟ್ಟ ಹಿರಿಯರ ಟ್ರಂಕಿನಲ್ಲಿ ಸೂರತ್ತಿಗೋ ಬರೋಡೆಗೋ ಬಂದಿದ್ದರೆ, ಉಳಿದಿರುವ ಪ್ರತಿ ಅದೊಂದೇ ಇದ್ದರೂ ಇರಬಹುದು. ಮನೆ ಖಾಲಿ ಮಾಡುವಾಗ ಮಕ್ಕಳು ಅದನ್ನು ತೂಕಕ್ಕೆ ಹಾಕಿದರೆ ತಪ್ಪು ಅವರದೆನ್ನಲಾಗದು; ಅದರ ದನಿಯನ್ನು ಅವರಿಗೆ ಯಾರೂ ಕೇಳಿಸಿಯೇ ಇಲ್ಲ.

ಆದ್ದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟು. ಮನೆಯಲ್ಲಿ ಹಳೆಯ ಕನ್ನಡ ತಟ್ಟೆಗಳಿದ್ದರೆ ಮೊದಲು ಚೀಟಿಯ ಮೇಲಿನ ಹೆಸರು, ಕಂಪನಿ, ಸಂಖ್ಯೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಡುವಿನ ಬರಿಯ ಭಾಗದಲ್ಲಿ ಕೊರೆದ ಸಂಖ್ಯೆಯನ್ನೂ ಬಿಡಬೇಡಿ. ಮುದ್ರಣದ ಕಾಲವನ್ನು ಗೊತ್ತುಮಾಡಲು ಅದು ನೆರವಾಗುತ್ತದೆ. ಸರಿಯಾದ ಮುಳ್ಳು ದೊರೆಯುವ ತನಕ ನುಡಿಸುವ ಆತುರ ಬೇಡ. ದೊರೆತ ದಿನ ಒಮ್ಮೆ ನುಡಿಸಿ, ಸದ್ದನ್ನು ತಿದ್ದದೆ ಇದ್ದದ್ದು ಇದ್ದಂತೆ ಪ್ರತಿ ಮಾಡಿಕೊಳ್ಳಿ, ಯಾವ ವೇಗದಲ್ಲಿ ನುಡಿಸಿದಿರೆಂಬುದನ್ನೂ ಬರೆದಿಡಿ. ಆ ಹೊತ್ತಿಗೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.