ಮಣೆಯಿಂದ ಟೀಪಾಯಿಗೆ

(ಬಾನುಲಿ ಭಾಷಣ)

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕೊಂಡಿರುವ ನನ್ನ ಸೋದರಳಿಯನು ಈಚೆಗೆ ಕೋಲಾರಕ್ಕೆ ಬಂದಿದ್ದಾಗ ಒಂದು ಪ್ರಶ್ನೆ ಕೇಳಿದನು. “ಮಾವ, ನಮ್ಮದು ಲಾಫ್ಟ್ ಮನೆ. ಹಾಲಿನಲ್ಲಿ ಸೋಫಾ ಹಾಕಿ ಆಯಿತು. ಅದರ ಮುಂದೆ ಎಂಥ ಕಾಫಿ ಟೇಬಲ್ ಇಡಬೇಕೆಂದು ಒಂದು ತಿಂಗಳಿಂದ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ನೀವೇನು ಹೇಳುತ್ತೀರಿ?” ಛಂದಸ್ಸು, ವ್ಯಾಕರಣಗಳನ್ನು ಪಾಠ ಹೇಳಿ ನಿವೃತ್ತನಾದವನನ್ನು ಕೇಳತಕ್ಕ ಪ್ರಶ್ನೆ ಇದಲ್ಲ. ಆದರೆ ಅವನು ಹೋದ ಮೇಲೂ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಮನೆಗೆ ಬಂದವರ ಮುಂದೆ ಇಡುವ ಒಂದು ಹಲಗೆಗೆ ಇಷ್ಟೊಂದು ಯೋಚನೆ ಏಕೆ ಬೇಕಾಯಿತು, ಆ ಹಲಗೆ ನಮ್ಮ ಮನೆಗಳೊಳಗೆ ಯಾವಾಗ ಬಂತು, ಬಂದಾಗ ಯಾರಿಗೆ ಏನಾಯಿತು ಎಂಬ ವಿಚಾರವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

‘ಲಾಫ್ಟ್’ ಎಂದ ಕೂಡಲೆ ನನ್ನ ಮನಸ್ಸಿಗೆ ಬಂದದ್ದು ಅಟ್ಟ. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಹುಣಿಸೆಹಣ್ಣಿನ ಮಡಕೆ, ಬಿತ್ತನೆಯ ಕಾಳು, ಮದುವೆಗೆ ಮಾತ್ರ ಕೆಳಗಿಳಿಯುವ ಕೊಪ್ಪರಿಗೆ, ಕಾಲು ಮುರಿದ ತೊಟ್ಟಿಲು, ಇವುಗಳ ವಾಸಸ್ಥಾನ, ಮನುಷ್ಯರದಲ್ಲ. ಇಂದಿನ ಮೇಸ್ತ್ರಿಗಳು ಅಡುಗೆಮನೆಯ ಸೂರಿನಡಿ ಎರಡಡಿ ಅಗಲದ ಕಾಂಕ್ರೀಟು ಹಲಗೆ ಹಾಕಿ ಅದನ್ನೇ ಲಾಫ್ಟ್ ಎನ್ನುತ್ತಾರೆ. ಅಳಿಯನ ಮನೆ ಇವೆರಡೂ ಅಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಸೋಹೊ ಎಂಬ ಭಾಗದಲ್ಲಿ ಹಳೆಯ ಕಾರ್ಖಾನೆಗಳೂ ಉಗ್ರಾಣಗಳೂ ಬರಿದಾಗಿ ಬಿದ್ದಿದ್ದವು. ೧೯೬೦ರ ದಶಕದಲ್ಲಿ ಕೈಯಲ್ಲಿ ಹಣವಿಲ್ಲದ ಚಿತ್ರಕಾರರು, ಶಿಲ್ಪಿಗಳು ಅವುಗಳ ಎತ್ತರವಾದ, ನಡುವೆ ಗೋಡೆಯಿಲ್ಲದ ಅಂತಸ್ತುಗಳಲ್ಲಿ ಕಾನೂನಿನ ಕಣ್ಣು ತಪ್ಪಿಸಿ ವಾಸಮಾಡತೊಡಗಿದರು. ೧೯೭೧ರಲ್ಲಿ ನಗರದ ಆಡಳಿತವು ಕಲಾವಿದರಿಗೆ ಅಲ್ಲಿ ಇರಲು ಒಪ್ಪಿಗೆ ಕೊಟ್ಟಿತು. ಬಡ ಕಲಾವಿದರ ಅನಿವಾರ್ಯವು ಕ್ರಮೇಣ ಉಳ್ಳವರ ಅಭಿರುಚಿಯಾಯಿತು. ಅದೇ ಮಾದರಿ ಈಗ ಬೆಂಗಳೂರಿಗೂ ಬಂದಿದೆ. ಅಳಿಯನ ಹಾಲಿನ ಒಂದು ಗೋಡೆಗೆ ಗಾರೆ ಬಳಿಯದೆ ಇಟ್ಟಿಗೆಯನ್ನು ಹಾಗೆಯೇ ಕಾಣಬಿಟ್ಟಿದ್ದಾರೆ, ಮಾಲೂರಿನ ಇಟ್ಟಿಗೆಯಂತೆ. ಇಟ್ಟಿಗೆಗೂ ಹೆಂಚಿಗೂ ಹೆಸರಾದ ಊರು ಮಾಲೂರು. ಗಾರೆಗೆ ಹಣ ಸಾಲದವನು ನಮ್ಮ ಹಳ್ಳಿಗಳಲ್ಲಿ ನಾಚಿಕೊಂಡು ಬಿಟ್ಟ ಗೋಡೆ ಬೆಂಗಳೂರಿನಲ್ಲಿ ಸಿರಿವಂತಿಕೆಯ ಲಕ್ಷಣವಾಗಿ ನಿಂತಿರುವುದು ಕಾಲದ ವಿನೋದ.

ಇರಲಿ, ಹಲಗೆಗೆ ಬರೋಣ. ಕಾಫಿ ಟೇಬಲ್ಲಿಗೆ ಮುಂಚೆ ನಮ್ಮ ಮನೆಗಳಲ್ಲಿ ಇದ್ದದ್ದು ಮಣೆ. ತಮಿಳಿನಲ್ಲಿಯೂ ಇದೇ ಮಾತು, ಮಣೈ. ನಮ್ಮ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮನೆಯಲ್ಲಿ ತೆಲುಗಾಡುವವರಿಗೆ ಅದು ಪೀಟ. ನೆಲದಿಂದ ಎರಡು ಮೂರು ಅಂಗುಲ ಎತ್ತರದ, ಹಲಸಿನ ಮರದ ಈ ಹಲಗೆಯ ಬಳಗ ದೊಡ್ಡದು: ಊಟದ ಮಣೆ, ಹಸೆಮಣೆ, ಈಳಿಗೆಮಣೆ, ತುರಿಯುವ ಮಣೆ, ಮಕ್ಕಳು ಹುಣಿಸೆಬೀಜ ಹಾಕಿ ಆಡುವ ಅಳಗುಳಿಮಣೆ. ಮದುವೆಯಾಗುವುದೆಂದರೆ ಹಸೆಮಣೆ ಏರುವುದು. ಒಬ್ಬನಿಗೆ ಗೌರವ ಕೊಡುವುದೆಂದರೆ ಅವನಿಗೆ ಮಣೆ ಹಾಕುವುದು. ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಇಂದಿಗೂ “ಅರ್ಹರಿಗೆ ಮಣೆ ಹಾಕಲಿಲ್ಲ” ಎಂದು ದೂರುವವರ ಮನೆಯಲ್ಲಿ ಒಂದು ಮಣೆಯೂ ಇಲ್ಲದಿರಬಹುದು. ವಸ್ತು ಹೋದರೂ ನುಡಿಗಟ್ಟು ಉಳಿದಿದೆ. ಆ ನುಡಿಗಟ್ಟಿನ ಬೆನ್ನ ಹಿಂದೆ ಇನ್ನೊಂದು ಅರ್ಥವೂ ಅಡಗಿದೆ. ಯಾರಿಗೋ ಮಣೆ ಹಾಕಿದರೆಂದರೆ, ಇನ್ನಾರಿಗೋ ಹಾಕಲಿಲ್ಲವೆಂದೇ ಅರ್ಥ.

ಮಣೆಯ ಮೇಲೆ ಮನುಷ್ಯ ಕುಳಿತುಕೊಳ್ಳುತ್ತಾನೆ. ಟೇಬಲ್ಲಿನ ಮೇಲೆ ಪದಾರ್ಥ ಕುಳಿತುಕೊಳ್ಳುತ್ತದೆ. ಪದಾರ್ಥಕ್ಕೆ ಪೀಠ ಬೇಕಾದದ್ದು ಏಕೆ? ನನಗೆ ತೋರುವ ಉತ್ತರ ಇದು. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬರ ನಾಡಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಕಾಫಿಯೇನೋ ಚಿಕ್ಕಮಗಳೂರು, ಕೊಡಗುಗಳ ಮಳೆಯ ಬೆಳೆ. ಕೆರೆಯನ್ನೂ ಆಕಾಶವನ್ನೂ ನಂಬಿ ರಾಗಿ ಬೆಳೆದುಕೊಳ್ಳುವ ಕೋಲಾರದ ಒಣನೆಲಕ್ಕೆ ಅದು ಪುಡಿಯಾಗಿ, ಪೊಟ್ಟಣದಲ್ಲಿ, ಬಹಳ ತಡವಾಗಿ ಬಂತು. ಅದಕ್ಕೆ ಮುಂಚೆ ಬಿಸಿಲಿನಲ್ಲಿ ಬಂದವರಿಗೆ ನಾವು ಕೊಡುತ್ತಿದ್ದದ್ದು ಬೆಲ್ಲ ನೀರು ಅಥವಾ ಮಜ್ಜಿಗೆ. ಮಜ್ಜಿಗೆ ಕುಡಿಯುವುದಕ್ಕೆ ಮೇಜು ಬೇಡ. ಚೆಂಬೆತ್ತಿ, ತುಟಿಗೆ ತಾಗಿಸದೆ, ಒಂದೇ ಉಸಿರಿಗೆ ಮುಗಿಸಬಹುದು. ಕಾಫಿ ಹಾಗಲ್ಲ. ಅದು ಸುಡುತ್ತದೆ, ಆರಿಸಬೇಕು, ಕಾಯಬೇಕು, ಎರಡು ಗುಟುಕಿನ ನಡುವೆ ಕೆಳಗಿಡಬೇಕು. ಕಾಯುವಾಗ ಮಾತಾಡಬೇಕು. ಮೊದಮೊದಲು ಲೋಟದ ಕೆಳಗಿನ ಬಟ್ಟಲೇ ಟೇಬಲ್ಲಿನ ಕೆಲಸ ಮಾಡಿತು: ಆರಿಸುವುದಕ್ಕೂ ಅದೇ, ಇಡುವುದಕ್ಕೂ ಅದೇ. ಇಂಥ ಪಾನೀಯ ಮನೆಗೆ ಬಂದ ಮೇಲೆ ಅದಕ್ಕೊಂದು ಪೀಠ ಹಿಂದೆಯೇ ಬರಲೇಬೇಕಾಯಿತು. ಬಂದದ್ದು ಟೀಪಾಯಿ.

ಈ ಟೀಪಾಯಿ ಎಂಬ ಮಾತಿನ ಪ್ರಯಾಣ ಸ್ವಾರಸ್ಯವಾಗಿದೆ. ಅದರಲ್ಲಿ ‘ಟೀ’ ಇಲ್ಲ. ಹಿಂದೂಸ್ತಾನಿಯಲ್ಲಿ ‘ತಿಪಾಯಿ’ ಎಂದರೆ ಮೂರು ಪಾದದ್ದು. ‘ತೀನ್’ ಎಂದರೆ ಮೂರು, ‘ಪಾಯ್’ ಎಂದರೆ ಪಾರಸಿಯಲ್ಲಿ ಕಾಲು. ನಮ್ಮ ಮುಕ್ಕಾಲಿಯೂ ಅದೇ ಅರ್ಥದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕೇಳಿದ ಆಂಗ್ಲರ ಕಿವಿಗೆ ಅದರಲ್ಲಿ ಚಹಾ ಕೇಳಿಸಿತು. ಇಂಗ್ಲೆಂಡಿನಲ್ಲಿ ಆ ಹೆಸರಿನಿಂದ, ಒಂಟಿ ಕಂಬದ ಮೇಲೆ ನಿಲ್ಲಿಸಿದ ಚಹಾಸೊಪ್ಪಿನ ಪೆಟ್ಟಿಗೆಗಳನ್ನೇ ಮಾಡಿಬಿಟ್ಟರು. ಅಲ್ಲಿ ಟೀ ಸೇರಿಸಿಕೊಂಡ ಪದ ತಿರುಗಿ ಹಡಗು ಹತ್ತಿ ಬಂದು, ನಾಲ್ಕು ಕಾಲಿನ ಟೀಪಾಯಿಯಾಗಿ, ಕಾಫಿ ಕುಡಿಯುವ ಕನ್ನಡಿಗರ ಪಡಸಾಲೆಯಲ್ಲಿ ನಿಂತಿತು. ಮೂರು ಕಾಲೂ ಇಲ್ಲ, ಟೀಯೂ ಇಲ್ಲ! ಶಬ್ದಶಾಸ್ತ್ರಿಗಳು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಆಂಗ್ಲರು ‘ಕಾಫಿ ಟೇಬಲ್’ ಎಂದು ಕರೆದದ್ದಾದರೂ ಮೊದಲು ತಗ್ಗಾಗಿರಲಿಲ್ಲ. ೧೮೬೦ರ ದಶಕದ ಕೊನೆಯಲ್ಲಿ ಗಾಡ್ವಿನ್ ಎಂಬ ವಾಸ್ತುಶಿಲ್ಪಿ ರಚಿಸಿದ ಪ್ರಸಿದ್ಧ ಕಾಫಿ ಟೇಬಲ್ಲು ಎರಡು ಅಡಿಗೂ ಮಿಕ್ಕ ಎತ್ತರದ್ದು. ಅದು ಮೊಣಕಾಲಿಗಿಂತ ಕೆಳಗಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಕೋಲಾರ ಜಿಲ್ಲೆಗೆ ಈ ಸಾಮಾನು ಹತ್ತಿರದಲ್ಲಿಯೇ ಕಾಣುವಂತಿತ್ತು. ಜಾನ್ ಟೇಲರ್ ಕಂಪನಿಯವರು ೧೮೮೦ರಲ್ಲಿ ಕಾಲಿಟ್ಟ ಚಿನ್ನದ ಗಣಿಯಲ್ಲಿ ಒಂದು ಕಡೆ ಅಧಿಕಾರಿಗಳ ಬಂಗಲೆಗಳು, ಇನ್ನೊಂದು ಕಡೆ ಕೂಲಿಕಾರರ ಸಾಲುಮನೆಗಳು. ೧೯೦೨ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಹರಿದಾಗ ಬೆಂಗಳೂರಿಗೇ ಇನ್ನೂ ಆ ಭಾಗ್ಯವಿರಲಿಲ್ಲ. ಬಂಗಲೆಯ ವರಾಂಡ, ಅಲ್ಲೊಂದು ಬೆತ್ತದ ಉದ್ದಕುರ್ಚಿ, ಅದರ ಮಗ್ಗುಲಲ್ಲಿ ಟೀಪಾಯಿ: ಆಂಗ್ಲರು ನೆಲಸಿದ ಕಡೆಯೆಲ್ಲ ಇದೇ ಚಿತ್ರ. ೨೦೦೧ರಲ್ಲಿ ಗಣಿ ಮುಚ್ಚಿತು. ಟೀಪಾಯಿ ಅಷ್ಟರಲ್ಲಿ ಗುಮಾಸ್ತರ, ಮೇಷ್ಟರ, ವಕೀಲರ ಮನೆಗಳಲ್ಲಿ ತಲೆಮಾರುಗಳನ್ನು ಕಂಡಿತ್ತು.

ಅದಕ್ಕೆ ಮುಂಚೆ ಬಂದವರು ಕೂಡುತ್ತಿದ್ದದ್ದು ಜಗುಲಿಯ ಮೇಲೆ. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಓಡಾಡುವ ಹಳೆಯ ಜನ, ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರು ಎದುರಿಗೆ ಕುಳಿತು ಹೇಳಿದಂತೆ ಹೇಳುವ ಕಥೆಗಳು, ಇವುಗಳನ್ನು ಓದುವಾಗ ನನ್ನ ಕಣ್ಣಿಗೆ ಮೊದಲು ಬರುವುದು ಜಗುಲಿಯೇ. ಜಗುಲಿಯನ್ನು ನಾವು ಸಮಾನತೆಯ ಸ್ಥಾನವೆಂದು ಹೊಗಳುವುದುಂಟು. ಅದು ಪೂರ್ತಿ ನಿಜವಲ್ಲ. ಜಗುಲಿಯ ಮೇಲೆ ಕೂಡುವವರು ಬೇರೆ, ಮೆಟ್ಟಿಲ ಬಳಿ ನಿಲ್ಲುವವರು ಬೇರೆ, ಬೀದಿಯಿಂದಲೇ ಕೂಗಿ ಮಾತಾಡಿ ಹೋಗುವವರು ಬೇರೆ.

ನಮ್ಮ ತಂದೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು. ಊರ ಹೊರಗಿನ ಕೇರಿಯಿಂದ ಓದಿ ಬಂದ ಇನ್ನೊಬ್ಬ ಮೇಷ್ಟರು ಅದೇ ಶಾಲೆಯಲ್ಲಿದ್ದರು. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರೂ ಒಂದರ ಕೆಳಗೊಂದು. ಸಂಜೆ ಲೆಕ್ಕಪತ್ರದ ಕೆಲಸಕ್ಕೆ ಅವರು ನಮ್ಮ ಮನೆಗೆ ಬಂದರೆ ಜಗುಲಿಯ ಅಂಚಿನಲ್ಲಿ ಕೂಡುತ್ತಿದ್ದರು. ಕಾಫಿಯೂ ಬರುತ್ತಿತ್ತು, ಆದರೆ ಅವರ ಲೋಟ ಜಗುಲಿಯ ಗೋಡೆಯ ಗೂಡಿನಲ್ಲಿರುತ್ತಿತ್ತು. ನಮ್ಮ ಅಜ್ಜಿ ಮೇಲಿನಿಂದ ಎರೆಯುವರು. ಕುಡಿದಾದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಬೋರಲಾಗಿ ಇಡುವರು. ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ೧೯೫೦ರಲ್ಲಿಯೇ ರದ್ದುಮಾಡಿತ್ತು. ೧೫ನೆಯ ವಿಧಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆದಿತ್ತು. ೧೯೫೫ರಲ್ಲಿ ಶಿಕ್ಷೆ ವಿಧಿಸುವ ಕಾಯಿದೆಯೂ ಬಂದಿತ್ತು. ಆದರೆ ಅಂಗಡಿ, ಹೋಟೆಲು, ಬಾವಿಗಳವರೆಗೆ ಬಂದ ಕಾನೂನು ನಮ್ಮ ಗೋಡೆಯ ಗೂಡಿನ ಮುಂದೆ ನಿಂತುಬಿಟ್ಟಿತ್ತು. ನಾನು ಆಗ ಹತ್ತು ವರ್ಷದ ಹುಡುಗ. ಆ ಲೋಟ ನನಗೆ ಗೋಡೆಯ ಒಂದು ಭಾಗದಂತೆಯೇ ಕಾಣುತ್ತಿತ್ತು; ಅದನ್ನು ಕುರಿತು ನಾನು ಯಾರನ್ನೂ ಏನೂ ಕೇಳಲಿಲ್ಲ.

ಒಂದು ದಿನ ತಂದೆ ಕೋಲಾರದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಒಂದು ಟೀಪಾಯಿ ತಂದರು. ಬಡಗಿ ಅದನ್ನು ಮೂರು ಕಾಲಿಟ್ಟೇ ಮಾಡಿದ್ದನು. ಪಡಸಾಲೆಯ ನಡುವೆ ಅದನ್ನಿಟ್ಟು, ಎರಡು ಕಡೆ ಎರಡು ಕುರ್ಚಿ ಹಾಕಿದರು. ಸಂಜೆ ಆ ಮೇಷ್ಟರು ಬಂದಾಗ, “ಒಳಗೆ ಬನ್ನಿ ಮೇಷ್ಟ್ರೇ, ಬರೆಯುವುದಕ್ಕೆ ಇಲ್ಲಿ ಅನುಕೂಲ” ಎಂದರು. ಅವರು ಹೊಸ್ತಿಲ ಬಳಿ ಬಹಳ ಹೊತ್ತು ನಿಂತರು. ತಾತ ಒಂದು ಮಾತೂ ಆಡದೆ ಎದ್ದು ಹಿತ್ತಲಿಗೆ ಹೋದರು. ಅಮ್ಮ ಎರಡು ಲೋಟ ಕಾಫಿ ತಂದು ಟೀಪಾಯಿಯ ಮೇಲಿಟ್ಟರು. ಎರಡೂ ಒಂದೇ ಜೊತೆಯವು, ನಡುವೆ ಒಂದು ಗೇಣು. ಮೇಷ್ಟರು ಲೋಟ ಎತ್ತಿಕೊಂಡಾಗ ಅವರ ಕೈ ನಡುಗುತ್ತಿದ್ದುದು ನನಗೆ ನೆನಪಿದೆ. ಕುಡಿದಾದ ಮೇಲೆ ಅಭ್ಯಾಸಬಲದಿಂದ ಅದನ್ನು ತೊಳೆಯಲು ಎದ್ದರು. ತಂದೆ ಅವರ ತೋಳು ಹಿಡಿದು ಕೂಡಿಸಿದರು. ತಾತ ಮೂರು ದಿನ ಮನೆಯಲ್ಲಿ ಊಟ ಮಾಡಲಿಲ್ಲ. ತಂದೆಯನ್ನು ಸುಧಾರಕರೆಂದು ನಾನು ಹೇಳಲಾರೆ. ಆ ಕೇರಿಯ ಬೇರೆ ಯಾರನ್ನೂ ಅವರು ಒಳಗೆ ಕರೆದದ್ದು ನನಗೆ ಗೊತ್ತಿಲ್ಲ. ಗೂಡಿನಲ್ಲಿದ್ದ ಲೋಟ ಬೇರೆಯವರಿಗಾಗಿ ಇನ್ನೂ ಹಲವು ವರ್ಷ ಅಲ್ಲಿಯೇ ಇತ್ತು.

ಇನ್ನು ಅಳಿಯನ ಪ್ರಶ್ನೆ. ಅದಕ್ಕೂ ಉತ್ತರ ಕೊಡಬೇಕಷ್ಟೆ. ಕಾಫಿ ಟೇಬಲ್ಲಿನ ಎತ್ತರ ಸೋಫಾದ ಕೂರುವ ಭಾಗಕ್ಕೆ ಸಮನಾಗಿ, ಅಥವಾ ಒಂದೆರಡು ಅಂಗುಲ ತಗ್ಗಾಗಿರಬೇಕು. ಕುಳಿತವನು ಬಗ್ಗದೆ, ಕೈಯೆತ್ತದೆ ಲೋಟ ಇಡುವಂತಾಗಬೇಕು. ಉದ್ದ ಸೋಫಾದ ಮೂರರಲ್ಲೆರಡು ಪಾಲು. ಎರಡರ ನಡುವೆ ಒಂದೂವರೆ ಅಡಿ ತೆರವು ಬಿಟ್ಟರೆ ಮೊಣಕಾಲಿಗೆ ತಗಲುವುದಿಲ್ಲ. ಲಾಫ್ಟಿನಲ್ಲಿ ಸೂರು ಎತ್ತರ, ಗೋಡೆಗಳು ದೂರ. ಅಲ್ಲಿ ಸಣ್ಣ ಟೀಪಾಯಿ ಇಟ್ಟರೆ ಬಯಲಿನಲ್ಲಿ ಮೊರ ಇಟ್ಟಂತೆ ಕಾಣುತ್ತದೆ. ಅಗಲವಾಗಿಯೂ ತುಸು ತೂಕವಾಗಿಯೂ ಇರುವುದೇ ಲೇಸು. ಗಾಜಿನದು ಬೇಡವೆಂದು ನನ್ನ ಮತ. ಬೆರಳ ಗುರುತು ಒರೆಸುವುದರಲ್ಲಿಯೇ ದಿನ ಕಳೆಯುತ್ತದೆ. ಕೋಲಾರದ ಬೆಟ್ಟಗಳ ಕಲ್ಲು ಬಹಳ ಚೆನ್ನಾದದ್ದು. ಚಪ್ಪಡಿಯನ್ನೇ ಚಾವಣಿಗೂ ಬೇಲಿಗೂ ಬಳಸಿದ ಸೀಮೆ ನಮ್ಮದು. ಬಿಸಿ ಲೋಟಕ್ಕೆ ಅದು ಹೆದರುವುದಿಲ್ಲ. ಆದರೆ ಒಮ್ಮೆ ಇಟ್ಟರೆ ಸರಿಸಲು ನಾಲ್ಕಾಳು ಬೇಕು. ಮಾವಿನ ಸೀಮೆಯಾದ ಶ್ರೀನಿವಾಸಪುರದಲ್ಲಿ ಫಲ ಬಿಡುವುದು ನಿಂತ ಹಳೆಯ ಮರಗಳನ್ನು ಕೊಯ್ದು ಹಲಗೆ ಮಾಡುತ್ತಾರೆ. ಮಾವಿನ ಹಲಗೆಯ ಗೆರೆಗಳು ಅಂದವಾಗಿರುತ್ತವೆ. ಆದರೆ ಸರಿಯಾಗಿ ಒಣಗಿಸಿ, ಔಷಧ ಕೊಡದಿದ್ದರೆ ಬೇಗ ಹುಳು ಹಿಡಿಯುತ್ತದೆ. ಹಲಸು ಅದಕ್ಕಿಂತ ಬಾಳಿಕೆಯದು. ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ಅಜ್ಜಿಯ ಕಾಲದ ಊಟದ ಮಣೆಗಳು ನನ್ನಲ್ಲಿ ಇಂದಿಗೂ ಗಟ್ಟಿಯಾಗಿವೆ. ಪಾಲಿಷ್ ಮಾಡಿದ ಮರದ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿಯ ಉಂಗುರ ಬೀಳುತ್ತದೆ. ಬಟ್ಟಲಲ್ಲಿಟ್ಟು ಕೊಟ್ಟರೆ ಆ ತೊಂದರೆಯೂ ಇಲ್ಲ.

ಮುಂದಿನ ಸಲ ಅಳಿಯ ಬಂದಾಗ ಇದನ್ನೆಲ್ಲ ಹೇಳಿದೆ. ಅವನು ಚೀಟಿಯಲ್ಲಿ ಅಳತೆ ಗುರುತು ಹಾಕಿಕೊಂಡನು. ತಂದೆಯ ಟೀಪಾಯಿಯನ್ನೂ ಅಟ್ಟದಿಂದ ಇಳಿಸಿ ತೋರಿಸಿದೆ. ಇಪ್ಪತ್ತೆರಡು ಅಂಗುಲ ಎತ್ತರ. ಒಂದು ಕಾಲನ್ನು ಹುಳು ತಿಂದಿತ್ತು. ಅವನ ಸೋಫಾಕ್ಕೆ ಅದು ಹೊಂದುವುದಿಲ್ಲ, ಅವನು ಬೇಡವೆಂದದ್ದೇ ಸರಿ. ಆಮೇಲೆ ನಾನು ಕೇಳಿದೆ: “ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೆ ಬರುವಾಕೆ ಕಾಫಿ ಎಲ್ಲಿ ಕುಡಿಯುತ್ತಾಳಪ್ಪ?”

“ಅಡುಗೆಮನೆಯಲ್ಲಿ, ಮಾವ. ಅವಳ ಲೋಟ ಅಲ್ಲಿಯೇ ಸಿಂಕಿನ ಹತ್ತಿರ ಇರುತ್ತದೆ” ಎಂದನು. ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದನು. ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಶ್ರೀನಿವಾಸಪುರದಲ್ಲಿ ಒಣಗಿದ ಹಲಸಿನ ಹಲಗೆ ಸಿಗುತ್ತದೆಯೇ ಎಂದು ಕೇಳಿದನು. ಭಾನುವಾರ ಹೋಗಿ ನೋಡೋಣವೆಂದೆ.