ಟೀಚರಮ್ಮನ ಮನೆಯೂ ಅಂಗಳದ ಶಾಲೆಯೂ

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದೂ ಒಂದು ವೃತ್ತಿ ಎಂಬ ತಿಳಿವಳಿಕೆ ಭಾರತದಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ಕನ್ನಡನಾಡಿನ ಊರುಗಳಲ್ಲಿ ಕೂಲಿಮಠಗಳಿದ್ದವು. ಅಲ್ಲಿನ ಮೇಷ್ಟರಾದ ಐಗಳು ನೆಲದ ಮೇಲೆ ಮರಳು ಹರಡಿ, ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಕಾಳುಕಡಿಯೋ ಚಿಲ್ಲರೆ ದುಡ್ಡೋ ಅವರಿಗೆ ಸಂಬಳವಾಗಿ ಸಲ್ಲುತ್ತಿತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದವರು ಅಕ್ಷರ ತಿದ್ದುವ ವಯಸ್ಸಿಗೆ ಬಂದವರು, ಅವರಲ್ಲೂ ಹೆಚ್ಚಿನವರು ಗಂಡುಹುಡುಗರು. ಅದಕ್ಕಿಂತ ಚಿಕ್ಕವರು ಅಜ್ಜಿಯ ಮಡಿಲಲ್ಲೋ ಅಕ್ಕನ ಸೊಂಟದ ಮೇಲೋ ಬೆಳೆಯುತ್ತಿದ್ದರು. ಆ ಮಕ್ಕಳಿಗಾಗಿ ಒಬ್ಬ ಟೀಚರು ಹುಟ್ಟಿಕೊಂಡಾಗ ಆ ಕೆಲಸ ಮನೆಯೊಳಗಿಂದಲೇ ಎದ್ದುಬಂತು. ಇಂದಿಗೂ ಅದು ಮನೆಯನ್ನು ಪೂರ್ತಿ ಬಿಟ್ಟು ಹೊರಟಿಲ್ಲ.

ಮೂಲ ಯೋಚನೆ ಯುರೋಪಿನದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಆಟದ ಶಾಲೆ ತೆರೆದು, ಮೂರು ವರ್ಷಗಳ ನಂತರ ಅದನ್ನು ಕಿಂಡರ್‌ಗಾರ್ಟನ್ ಎಂದು ಕರೆದ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ವೈದ್ಯೆ ಮಾರಿಯಾ ಮಾಂಟೆಸ್ಸರಿ ‘ಮಕ್ಕಳ ಮನೆ’ ಆರಂಭಿಸಿದರು. ಅವರ ಪುಸ್ತಕಗಳು ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಅವನ್ನು ಓದಿ ಬದುಕಿನ ದಾರಿಯನ್ನೇ ಬದಲಿಸಿಕೊಂಡವರು ಗುಜರಾತಿನ ಗಿಜುಭಾಯಿ ಬಧೇಕಾ. ಅವರು ವಕೀಲರಾಗಿದ್ದರು. 1913ರಲ್ಲಿ ಮಗ ಹುಟ್ಟಿದ. ಇವನನ್ನು ಹೇಗೆ ಬೆಳೆಸಬೇಕು ಎಂದು ಹುಡುಕಲು ಹೊರಟ ಅಪ್ಪ ಮಾಂಟೆಸ್ಸರಿಯ ಪುಸ್ತಕಗಳಿಗೆ ಬಂದು ನಿಂತರು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲಿಯೇ ಬಾಲಮಂದಿರ ತೆರೆದರು. ಬೆತ್ತವಿಲ್ಲ, ಬೈಗುಳವಿಲ್ಲ, ಕಥೆಯೇ ಪಾಠ. ದಪ್ಪ ಮೀಸೆಯ ಈ ಮೇಷ್ಟರು ಮಕ್ಕಳ ಹಿಂದೆ ಮುಂದೆ ಓಡಾಡುವುದನ್ನು ಕಂಡ ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ನಗುತ್ತಲೇ ಕೊಟ್ಟ ಆ ಹೆಸರು ದೊಡ್ಡ ಗೌರವವಾಗಿ ಉಳಿಯಿತು. ಭಾರತದ ಶಿಶುಶಿಕ್ಷಣದ ಮೊದಲ ದೊಡ್ಡ ಟೀಚರು ಗಂಡಸು ಎಂಬುದನ್ನು ಒತ್ತಿ ಹೇಳಬೇಕು. ಚಿಕ್ಕ ಮಕ್ಕಳ ಪಾಠ ಹೆಂಗಸರಿಗಷ್ಟೇ ಒಗ್ಗುವ ಕೆಲಸ ಎಂಬ ಮಾತು ಆಮೇಲೆ ಬಲವಾಯಿತು, ಕೈಗೆ ಬರುವ ಸಂಬಳ ಕಡಿಮೆ ಇರುವುದಕ್ಕೆ ಅದೇ ನೆಪವೂ ಆಯಿತು.

ಮಾಂಟೆಸ್ಸರಿ ಸ್ವತಃ ಭಾರತಕ್ಕೆ ಬಂದದ್ದು 1939ರಲ್ಲಿ, ಮದ್ರಾಸಿನ ಅಡಯಾರಿಗೆ. ಮೊದಲ ತರಬೇತಿಗೆ ದೇಶದ ಮೂಲೆಮೂಲೆಗಳಿಂದ ಸುಮಾರು 300 ಜನ ಸೇರಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಹಬ್ಬಿತು. ಇಟಲಿ ಬ್ರಿಟನ್ನಿನ ಶತ್ರುವಾದ್ದರಿಂದ ಅವರ ಮಗ ಮಾರಿಯೊ ಅವರನ್ನು ಸರ್ಕಾರ ಬಂಧಿಸಿತು. 1940ರ ಆಗಸ್ಟ್ 31ರಂದು ಮಾಂಟೆಸ್ಸರಿಗೆ 70 ತುಂಬಿತು, ಆ ಹುಟ್ಟುಹಬ್ಬಕ್ಕೆ ಮಗನನ್ನು ಬಿಟ್ಟುಕಳಿಸಲಾಯಿತು. ಲೋಕದ ಮಕ್ಕಳಿಗೆಲ್ಲ ಮನೆ ಕಟ್ಟಿಕೊಟ್ಟ ಆ ತಾಯಿಗೆ ಸ್ವಂತ ಮಗನನ್ನು ಎಳವೆಯಲ್ಲಿ ಜೊತೆಗಿಟ್ಟುಕೊಳ್ಳಲು ಆಗಿರಲಿಲ್ಲ; ಅವನು ಹಳ್ಳಿಯ ಬೇರೊಂದು ಮನೆಯಲ್ಲಿ ಬೆಳೆದಿದ್ದ. ತಾಯಿಮಗ ಸೇರಿ ಕೊಡೈಕೆನಾಲಿನಲ್ಲಿಯೂ ಕೆಲವು ವರ್ಷ ಕಲಿಸಿದರು.

ಕನ್ನಡದಲ್ಲಿ ಈ ಕೆಲಸಕ್ಕೆ ಮೊದಲು ಒದಗಿದ್ದು ಹಾಡು ಮತ್ತು ಕಥೆ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಬಾಯಿಗೆ ಹೊಂದುವ ಪದ್ಯ, ಕಥೆಗಳನ್ನು ಕೊಟ್ಟರು. ಜಿ.ಪಿ. ರಾಜರತ್ನಂ ಅವರು ಎಳೆಯರಿಗಾಗಿ ಬರೆದ ಪದ್ಯಗಳು ಕನ್ನಡದ ಶಿಶುವಿಹಾರಗಳಿಗೆ ಉಸಿರಾದವು. ‘ಸರಸ್ವತಿ’ ಪತ್ರಿಕೆ ನಡೆಸುತ್ತಿದ್ದ ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳಕೂಟ ಕಟ್ಟಿದರು. ಇವೆಲ್ಲ ಬಹುಮಟ್ಟಿಗೆ ಪಟ್ಟಣದ ಮಕ್ಕಳಿಗೆ ದಕ್ಕಿದ ಸುಖ.

ಹಳ್ಳಿಯ, ಕಾಡಿನ ಮಕ್ಕಳ ಕಡೆಗೆ ಈ ಕೆಲಸವನ್ನು ತಿರುಗಿಸಿದವರು ತಾರಾಬಾಯಿ ಮೋಡಕ್. ಭಾವನಗರದಲ್ಲಿ ಗಿಜುಭಾಯಿ ಜೊತೆ ದುಡಿದ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೇಂದ್ರ ತೆರೆದಾಗ ಅನುತಾಯಿ ವಾಘ್ ಬಂದು ಸೇರಿಕೊಂಡರು. ಅನುತಾಯಿಗೆ 13ನೇ ವಯಸ್ಸಿನಲ್ಲಿ ಮದುವೆ, ತಿಂಗಳುಗಳಲ್ಲೇ ವೈಧವ್ಯ. ಆದಿವಾಸಿ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ; ತಮ್ಮತಂಗಿಯರನ್ನು ನೋಡಿಕೊಳ್ಳಬೇಕಿತ್ತು, ದನ ಕಾಯಬೇಕಿತ್ತು. ಹಾಗಾದರೆ ಶಾಲೆಯೇ ಅವರ ಗುಡಿಸಲ ಅಂಗಳಕ್ಕೆ ಹೋಗಲಿ ಎಂದು ಈ ಇಬ್ಬರು ತೀರ್ಮಾನಿಸಿದರು. ಮೊದಲು ಮಕ್ಕಳ ಮೈ ತೊಳೆದು ತಲೆ ಬಾಚುವುದು, ಆಮೇಲೆ ಹಾಡು, ಕಥೆ, ಎಣಿಕೆ. ದುಬಾರಿ ಮರದ ಆಟಿಕೆಗಳ ಬದಲು ಬೆಣಚುಕಲ್ಲು, ಎಲೆ, ಬೀಜ. 1957ರ ಹೊತ್ತಿಗೆ ಕೆಲಸ ಕೋಸಬಾಡ್ ಗುಡ್ಡಕ್ಕೆ ಸಾಗಿತು. ಅಂಗನವಾಡಿಯ ನಿಜವಾದ ತವರು ಇದು. ಸರ್ಕಾರಿ ಇತಿಹಾಸಗಳಲ್ಲಿ ಈ ಇಬ್ಬರ ಹೆಸರು ಇನ್ನಷ್ಟು ದೊಡ್ಡದಾಗಿ ಕಾಣಬೇಕಿತ್ತು.

ಊರೂರಿಗೆ ಅಂಗನವಾಡಿ ತಂದ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆಗ ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100, ಸಹಾಯಕಿಗೆ 35. ಅದನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಕಾಗದದ ಮೇಲೆ ಆಕೆ ‘ಕಾರ್ಯಕರ್ತೆ’; ಊರಿನ ಬಾಯಲ್ಲಿ ಮೊದಲ ದಿನದಿಂದಲೂ ‘ಟೀಚರಮ್ಮ’. ಪಾಠದ ಜೊತೆಗೆ ಅಡುಗೆ ಮಾಡಿಸಿ ಬಡಿಸುವುದು, ತೂಕ ಹಾಕಿ ಬೆಳವಣಿಗೆ ನಕ್ಷೆಯಲ್ಲಿ ಗುರುತಿಸುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆತರುವುದು, ಬಸುರಿಯರ ಮನೆ ಭೇಟಿ, ಸರ್ವೆ ಎಲ್ಲವೂ ಆಕೆಯ ಪಾಲಿಗೇ. ಆರಂಭದ ಎಷ್ಟೋ ಕೇಂದ್ರಗಳಿಗೆ ಸ್ವಂತ ಕಟ್ಟಡವಿರಲಿಲ್ಲ. ದೇವಸ್ಥಾನದ ಜಗಲಿ, ಬಾಡಿಗೆ ಕೋಣೆ, ಅದೂ ಇಲ್ಲದಿದ್ದರೆ ಟೀಚರಮ್ಮನ ಮನೆಯ ಪಡಸಾಲೆ.

ಹೀಗೆ ಮನೆ ಮತ್ತು ಶಾಲೆ ಒಂದರೊಳಗೊಂದು ಸೇರಿಹೋದಾಗ ಹುಟ್ಟಿದ ನಗು ಈ ವೃತ್ತಿಯ ಇತಿಹಾಸಕ್ಕೇ ಸೇರಿದ್ದು. ಟೀಚರಮ್ಮನ ಮನೆಯಲ್ಲಿ ಯಾವುದೂ ಕಸವಲ್ಲ. ಬೆಂಕಿಪೊಟ್ಟಣ ಖಾಲಿಯಾದರೆ ರೈಲಿನ ಡಬ್ಬಿ, ಸೋಡಾ ಬಾಟಲಿಯ ಮುಚ್ಚಳ ಅದರ ಗಾಲಿ, ಹುಣಿಸೆಬೀಜ ಎಣಿಕೆಗೆ, ಹಳೆಯ ಲಗ್ನಪತ್ರಿಕೆಯ ಬಣ್ಣದ ಅಂಚು ಚಾರ್ಟಿಗೆ. ಹಳೇ ಪೇಪರಿನವನು ಬೀದಿಗೆ ಬಂದಾಗ ಮನೆಯವರು ಆಕೆಯನ್ನು ಕೇಳದೆ ಒಂದು ಹಾಳೆಯನ್ನೂ ತೂಕಕ್ಕೆ ಹಾಕುವಂತಿಲ್ಲ. ಬಾಲಮೇಳದ ಹಿಂದಿನ ರಾತ್ರಿ ಒಲೆಯ ಮೇಲೆ ಮೈದಾಹಿಟ್ಟಿನ ಅಂಟು ಕುದಿಯುತ್ತದೆ. ಅದನ್ನು ಗಂಜಿಯೆಂದು ತಿಳಿದು ಲೋಟ ಹಿಡಿದು ಬರುವ ಮಾವನವರನ್ನು ತಡೆಯುವುದೂ ಆ ರಾತ್ರಿಯ ಕೆಲಸಗಳಲ್ಲೊಂದು. ಕತ್ತರಿಸಿದ ಮೊಲದ ಕಿವಿ, ಸಿಂಹದ ಬಾಲ ಬೆಳಗಾಗುವಷ್ಟರಲ್ಲಿ ಗಂಡನ ಅಂಗಿಗೆ ಅಂಟಿಕೊಂಡಿರುತ್ತವೆ.

ಸ್ವಂತ ಮಗುವೂ ಅದೇ ಕೇಂದ್ರಕ್ಕೆ ಬರುತ್ತಿದ್ದರೆ ಇಕ್ಕಟ್ಟು ಇನ್ನೂ ಸೊಗಸಾಗಿರುತ್ತದೆ. ಹೊಸ್ತಿಲು ದಾಟಿದ ಮೇಲೆ ‘ಅಮ್ಮ’ ಅನ್ನಬಾರದು, ‘ಟೀಚರ್’ ಅನ್ನಬೇಕು ಎಂದು ಮಗುವಿಗೆ ಹೇಳಿಕೊಟ್ಟಿರುತ್ತಾರೆ. ಅದು ಆ ಪಾಠವನ್ನು ಚೆನ್ನಾಗಿ ಕಲಿತು, ರಾತ್ರಿ ಮನೆಯಲ್ಲಿಯೂ ಕಿರುಬೆರಳು ಎತ್ತಿ ‘ಟೀಚರ್, ಒಂದಕ್ಕೆ’ ಎಂದು ನಿಲ್ಲುತ್ತದೆ. ಇತ್ತ ಊರಿನ ಉಳಿದ ಮಕ್ಕಳು ಬಾಯಿತಪ್ಪಿ ಆಕೆಯನ್ನೇ ‘ಅಮ್ಮ’ ಎಂದು ಕೂಗಿದಾಗ, ‘ಅವಳು ನಮ್ಮಮ್ಮ!’ ಎಂದು ಟೀಚರಮ್ಮನ ಮಗು ಜಗಳಕ್ಕೆ ನಿಲ್ಲುತ್ತದೆ. ಮನೆಯ ಗುಟ್ಟುಗಳಿಗೂ ಕಾವಲಿಲ್ಲ. ‘ನಿನ್ನೆ ನಮ್ಮಪ್ಪ ಬೀರು ಹಿಂದೆ ದುಡ್ಡು ಬಚ್ಚಿಟ್ಟ’ ಎಂದು ಒಂದು ಮಗು ಹೇಳಿದರೆ, ‘ನಮ್ಮನೇಲಿ ಇವತ್ತು ಉಪ್ಪಿಟ್ಟು ಸೀದೋಯ್ತು’ ಎಂದು ಟೀಚರಮ್ಮನ ಮಗಳು ತನ್ನ ಪಾಲಿನ ಸುದ್ದಿ ಸೇರಿಸುತ್ತಾಳೆ. ಸಂಜೆಯೊಳಗೆ ಅದು ನಲ್ಲಿಕಟ್ಟೆ ತಲುಪುತ್ತದೆ.

ನಾಲಿಗೆಯೂ ಶಾಲೆಯಲ್ಲೇ ಉಳಿದುಬಿಡುತ್ತದೆ. ಊಟಕ್ಕೆ ಬಂದ ನೆಂಟರಿಗೆ ‘ಎಲ್ರೂ ಕೈ ತೊಳ್ಕೊಂಡ್ರಾ?’ ಎಂಬ ಪ್ರಶ್ನೆ, ತಟ್ಟೆ ಖಾಲಿ ಮಾಡಿದ ಭಾವನಿಗೆ ‘ಜಾಣ!’ ಎಂಬ ಮೆಚ್ಚುಗೆ. ಹೀಗೆ ಹೇಳಿ ತಾನೇ ನಾಚಿಕೊಳ್ಳುವ ಟೀಚರಮ್ಮಂದಿರು ರಾಜ್ಯದ ಮೂಲೆಮೂಲೆಗಳಲ್ಲಿದ್ದಾರೆ. ಹಗಲೆಲ್ಲ ಮಕ್ಕಳ ಮಟ್ಟಕ್ಕೆ ಬಾಗಿ, ಅವರ ಮಾತಿನಲ್ಲೇ ಮಾತಾಡಿದ ಮೇಲೆ ಮನಸ್ಸು ಬೇಗ ಎದ್ದು ನಿಲ್ಲುವುದಿಲ್ಲ.

ಮನೆಮಂದಿ ಕೈಜೋಡಿಸದೆ ಈ ಕೆಲಸ ನಡೆದ ಕಾಲವಿಲ್ಲ. ರಿಜಿಸ್ಟರಿಗೆ ಗೆರೆ ಹಾಕಿಕೊಡುವವನು ಗಂಡ, ಹಾಡಿನ ರಾಗ ನೆನಪಿಸುವವರು ಅತ್ತೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದಮೇಲೆ ಮಕ್ಕಳ ಎತ್ತರ, ತೂಕವನ್ನು ಫೋನಿನಲ್ಲಿ ತುಂಬಬೇಕಾಯಿತು. ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿದ ಅಮ್ಮನಿಗೆ ಕಾಲೇಜಿಗೆ ಹೋಗುವ ಮಗಳು ಟೀಚರಾದಳು. ಈ ದುಡಿಮೆಗೆ ಯಾವ ಲೆಕ್ಕದ ಪುಸ್ತಕದಲ್ಲೂ ಜಾಗವಿಲ್ಲ.

ಕಾನೂನಿನ ಮಾತು ಬಂದಾಗ ಮಾತ್ರ ನಗು ನಿಲ್ಲುತ್ತದೆ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಹೇಳಿತು. 2018ರ ಅಕ್ಟೋಬರಿನಿಂದ ಕೇಂದ್ರದ ಗೌರವಧನ 3,000ದಿಂದ 4,500 ರೂಪಾಯಿಗೆ ಏರಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು 2022ರ ಏಪ್ರಿಲಿನಲ್ಲಿ, 1972ರ ಕಾಯ್ದೆಯಂತೆ ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ದಶಕಗಳ ಕಾಲ ‘ಸೇವೆ’ ಎನಿಸಿಕೊಂಡದ್ದನ್ನು ದುಡಿಮೆ ಎಂದು ಒಪ್ಪಿದ ಈ ತೀರ್ಪು ಬಹಳ ತಡವಾಗಿ ಬಂತು. ಮರುವರ್ಷದ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಜನ ಹಗಲುರಾತ್ರಿ ಧರಣಿ ಕೂತರು. ತಮ್ಮನ್ನು ಶಿಕ್ಷಕಿಯರೆಂದು ಪರಿಗಣಿಸಬೇಕು ಎಂಬುದು ಅವರ ಬೇಡಿಕೆಗಳಲ್ಲೊಂದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಘಟ್ಟವಾಗಿ ಎಣಿಸಿತು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಯೋಜನೆ ರಾಜ್ಯದಲ್ಲಿ ಬಂದಾಗ, ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿ ಮುಚ್ಚಬೇಕಾಗುತ್ತದೆ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಆರಂಭವಾಗಿ, ಅವಕ್ಕೆ ಸರ್ಕಾರಿ ಮಾಂಟೆಸ್ಸರಿ ಎಂದು ಹೆಸರಾಯಿತು. ಅಲ್ಲಿ ಪಾಠ ಹೇಳುವ ಕೆಲಸ ಕಾರ್ಯಕರ್ತೆಯರಿಗೇ ಬಂತು. ಊಟ, ತೂಕ, ಮನೆ ಭೇಟಿಯ ಹಳೆಯ ಹೊಣೆಗಳೂ ಅವರಲ್ಲೇ ಉಳಿದಿವೆ.